ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಡ್ರಾ.ಐಒ: ಹಲವು ಸೀಸನ್ ಬಳಸಿದ ಮೇಲೆ

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ನಕ್ಷೆ ಬರೆಯುವ ಡ್ರಾ.ಐಒ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಫೋನ್ ನಂಬರ್ ಒಪ್ಪಿಸಬೇಕಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಕಡತವನ್ನು ಎಲ್ಲಿ ಉಳಿಸಬೇಕೆಂದು ಕೇಳುತ್ತದೆ: ನಿಮ್ಮ ಕಂಪ್ಯೂಟರಿನಲ್ಲೋ, ಗೂಗಲ್ ಡ್ರೈವ್‌ನಲ್ಲೋ, ಒನ್‌ಡ್ರೈವ್‌ನಲ್ಲೋ. ಉತ್ತರ ಕೊಟ್ಟರೆ ಖಾಲಿ ಹಾಳೆ ಸಿದ್ಧ. ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಚೇರಿಯಲ್ಲಿ ನಾನು ಇದನ್ನು ಬಳಸುವುದು ಒಂದೇ ಉದ್ದೇಶಕ್ಕೆ. ಲಾರಿ ಗೇಟಿನೊಳಗೆ ಬಂದ ಗಳಿಗೆಯಿಂದ ಬೆಳೆಗಾರರ ಕೈಗೆ ಅವರ ಮಾಲಿನಿಂದ ಎಷ್ಟು ಕಾಳು ಬಂತೆಂದು ಹೇಳುವ ಔಟ್‌ಟರ್ನ್ ಚೀಟಿ ಸೇರುವವರೆಗೆ, ಅಲ್ಲಿಂದ ಗ್ರೇಡ್ ಆದ ಕಾಫಿ ಚೀಲ ಹೊರಡುವವರೆಗೆ, ಯಾರು ಏನು ಮಾಡುತ್ತಾರೆ, ಯಾವ ಕಾಗದ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನು ನಕ್ಷೆಯಾಗಿ ಬರೆಯಲು.

ಇದಕ್ಕೆ ಮುಂಚೆ ಚಂದಾ ಕಟ್ಟುವ ಒಂದು ಆನ್‌ಲೈನ್ ಸೇವೆ ಇತ್ತು. ನೋಡಲು ಬಹಳ ಚೆಂದ. ತಲೆಗಿಷ್ಟು ಎಂದು ತಿಂಗಳ ಲೆಕ್ಕದಲ್ಲಿ ಡಾಲರ್ ಕೇಳುತ್ತಿತ್ತು. ಚಂದಾ ನಿಲ್ಲಿಸಿದ ಮರುದಿನವೇ ನಾವು ಬರೆದ ನಕ್ಷೆಗಳನ್ನು ನಾವೇ ನೋಡಬಹುದು, ತಿದ್ದುವಂತಿಲ್ಲ ಎಂದಾಯಿತು. ಬಾಡಿಗೆ ಮನೆಗೆ ನಾವೇ ಬಣ್ಣ ಹೊಡೆಸಿ ಬೀಗ ಒಪ್ಪಿಸಿ ಬಂದ ಹಾಗೆ. ಡ್ರಾ.ಐಒದಲ್ಲಿ ಆ ಭಯವಿಲ್ಲ. ಕಡತ ನಮ್ಮ ಕಂಪ್ಯೂಟರಿನಲ್ಲಿಯೇ ಇರುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಡೆಸ್ಕ್‌ಟಾಪ್ ಆವೃತ್ತಿ ಇದೆ. ಅದು ಹೊಸ ಆವೃತ್ತಿ ಬಂದಿದೆಯೇ ಎಂದು ವಿಚಾರಿಸುವುದನ್ನು ಬಿಟ್ಟರೆ ಇಂಟರ್‌ನೆಟ್‌ನ ಗೊಡವೆಗೆ ಹೋಗುವುದಿಲ್ಲ. ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬಂತಿರುವ ಮಲೆನಾಡಿನ ಕಚೇರಿಗಳಿಗೆ ಇದು ಸಣ್ಣ ಮಾತಲ್ಲ. ಸೀಸನ್ ಮುಗಿದು, ಯಂತ್ರ ನಿಂತು, ಕುಳಿತು ಯೋಚಿಸಲು ಪುರಸೊತ್ತು ಸಿಗುವುದೂ ಆಗಲೇ.

ಒಳಗೆ ಚಿಹ್ನೆಗಳ ಭಂಡಾರವೇ ಇದೆ. ಸಾದಾ ಫ್ಲೋಚಾರ್ಟ್ ಇದೆ, ಕೆಲಸದ ಪೋಲು ತಗ್ಗಿಸುವ ಲೀನ್ ಪದ್ಧತಿಯ ಚಿಹ್ನೆಗಳಿವೆ, ಬಿಪಿಎಂಎನ್ ಇದೆ. ಈ ಬಿಪಿಎಂಎನ್ ಎಂಬುದು ವ್ಯವಹಾರದ ಹರಿವನ್ನು ಬರೆಯುವ ಅಂತರರಾಷ್ಟ್ರೀಯ ಲಿಪಿ. 2004ರಲ್ಲಿ ಮೊದಲ ಆವೃತ್ತಿ ಬಂತು, 2011ರಲ್ಲಿ ಎರಡನೆಯದು, 2013ರಲ್ಲಿ ಐಎಸ್‌ಒ ಮುದ್ರೆಯೂ ಬಿತ್ತು. ಅದರಲ್ಲಿ ನೂರಕ್ಕೂ ಹೆಚ್ಚು ಚಿಹ್ನೆಗಳಿವೆ. ಕಲಿಯುವ ಹುಮ್ಮಸ್ಸಿದ್ದರೆ ಕಲಿಯಿರಿ, ಆದರೆ ತೂಕದ ಕಟ್ಟೆಯಲ್ಲಿ ಇರುವವರಿಗೆ ಆ ನಕ್ಷೆ ತೋರಿಸಬೇಡಿ. ನಮ್ಮಲ್ಲಿ ಬಳಕೆಯಲ್ಲಿರುವುದು ಬೆರಳೆಣಿಕೆಯಷ್ಟು: ತೆಳು ಗೆರೆಯ ವೃತ್ತ ಆರಂಭಕ್ಕೆ, ದಪ್ಪ ಗೆರೆಯ ವೃತ್ತ ಕೊನೆಗೆ, ಮೂಲೆ ದುಂಡಗಿರುವ ಚೌಕ ಕೆಲಸಕ್ಕೆ, ವಜ್ರಾಕೃತಿ ತೀರ್ಮಾನಕ್ಕೆ. ಇವನ್ನೆಲ್ಲ ಲೇನ್‌ಗಳಲ್ಲಿ ಇಡುತ್ತೇವೆ. ಗೇಟ್, ವೇಬ್ರಿಡ್ಜ್, ಸ್ಯಾಂಪಲ್ ಕೋಣೆ, ಕಚೇರಿ, ಗೋದಾಮು, ಹೀಗೆ ಪ್ರತಿಯೊಬ್ಬರಿಗೂ ಅಡ್ಡಲಾಗಿ ಒಂದೊಂದು ಲೇನ್. ಬಾಣ ಒಂದು ಲೇನ್‌ನಿಂದ ಇನ್ನೊಂದಕ್ಕೆ ದಾಟಿತು ಎಂದರೆ ಕೆಲಸ ಕೈ ಬದಲಾಯಿತು ಎಂದರ್ಥ.

ಈ ಗುಂಪಿಗೆ ನಾನು ಬೇರೆ ಕಡೆಯಿಂದ ಎರವಲು ತಂದ ಇನ್ನೊಂದು ಚಿಹ್ನೆಯೇ ನಮ್ಮ ನಕ್ಷೆಗೆ ಜೀವ. ಕೆಲಸವನ್ನು ಹೀಗೆ ಚಿಹ್ನೆಗಳಲ್ಲಿ ಬರೆಯುವ ಪದ್ಧತಿಯನ್ನು 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟವರು ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ. ಅದೇ ಸಂಘ 1947ರಲ್ಲಿ ಐದು ಚಿಹ್ನೆಗಳನ್ನು ಗೊತ್ತುಮಾಡಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ದಾಸ್ತಾನಿಗೆ ತ್ರಿಕೋನ, ಕಾಯುವಿಕೆಗೆ ಇಂಗ್ಲಿಷಿನ ಡಿ ಅಕ್ಷರದ ಆಕಾರ. ಈಗಿನ ಬಹುಪಾಲು ನಕ್ಷೆಗಳಲ್ಲಿ ಆ ಡಿ ಕಾಣಿಸುವುದಿಲ್ಲ. ಕೆಲಸ, ತೀರ್ಮಾನ, ಬಾಣ, ಮತ್ತೆ ಕೆಲಸ. ನೋಡಿದವರಿಗೆ ಎಲ್ಲವೂ ಸರಸರನೆ ಸಾಗುತ್ತಿದೆ ಎಂಬ ಭ್ರಮೆ. ಡ್ರಾ.ಐಒದ ಫ್ಲೋಚಾರ್ಟ್ ಭಂಡಾರದಲ್ಲಿ ಆ ಆಕಾರ ಸಿದ್ಧವಾಗಿದೆ. ಅದಕ್ಕೆ ಕೆಂಪು ಬಣ್ಣ ತುಂಬಿ, ಯಾರಾದರೂ ಏನಕ್ಕಾದರೂ ಕಾಯುವ ಜಾಗದಲ್ಲೆಲ್ಲ ಇಟ್ಟೆವು. ಬಿಪಿಎಂಎನ್ ಪಂಡಿತರು ಬೈಯಬಹುದು, ಬೈಯಲಿ.

ಲಾರಿ ಇಳಿಸುವ ನಕ್ಷೆಯನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಮೂಡಿಗೆರೆ, ಆಲ್ದೂರು, ಮಲ್ಲಂದೂರು ಕಡೆಯ ಲಾರಿಗಳು ಒಟ್ಟಿಗೆ ಬರುತ್ತವೆ. ಮಾಲು ಇಳಿಸಲು ತಡವಾಗುತ್ತಿದೆ ಎಂಬ ದೂರು ಹಳೆಯದು. ಹಮಾಲಿಗಳು ಸಾಲದು ಎಂಬುದು ಎಲ್ಲರ ಬಾಯಲ್ಲಿದ್ದ ಕಾರಣ. ನಕ್ಷೆ ಬರೆದಾಗ ಕಂಡದ್ದು ಬೇರೆ. ವೇಬ್ರಿಡ್ಜ್ ತೂಕಕ್ಕೆ ಹೊತ್ತು ಹಿಡಿಯುವುದಿಲ್ಲ. ಚೀಲಗಳಿಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುವುದಕ್ಕೂ ಹಿಡಿಯುವುದಿಲ್ಲ. ತೇವಾಂಶ ನೋಡುವುದಂತೂ ಮೀಟರಿನ ಕೆಲಸ: ಪಾರ್ಚ್‌ಮೆಂಟ್ (ತೊಳೆದು ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿ) ಆದರೆ ಶೇ 10, ಅರೇಬಿಕಾ ಚೆರಿ (ಹಣ್ಣಾಗಿಯೇ ಒಣಗಿಸಿದ್ದು) ಶೇ 10.5, ರೋಬಸ್ಟಾ ಚೆರಿ ಶೇ 11ರ ಒಳಗಿರಬೇಕು. ಆಮೇಲೆ? ತೇವಾಂಶದ ಚೀಟಿ ಸ್ಯಾಂಪಲ್ ಕೋಣೆಯಿಂದ ಅಂಗಳ ದಾಟಿ ಕಚೇರಿಗೆ ಬರಬೇಕು. ಅಲ್ಲಿ ಸಹಿ ಆಗಬೇಕು. ಗೋದಾಮಿನಲ್ಲಿ ಎಲ್ಲಿ ಜಾಗವಿದೆ ಎಂದು ಕೇಳಲು ಕಚೇರಿಯಿಂದ ಆಳು ಹೋಗಬೇಕು. ಅವನು ಉತ್ತರ ತರಬೇಕು. ಆಗ ರಾಶಿಯ ನಂಬರ್ ಬರೆದ ಚೀಟಿ ಹಮಾಲಿಗಳ ಕೈಗೆ ಹೋಗುತ್ತದೆ. ಸಹಿ ಹಾಕುವವರು ಊಟಕ್ಕೆ ಹೋಗಿದ್ದರೆ ಕೈಬೀಸಿಕೊಂಡು ನಿಂತ ಹಮಾಲಿಗಳು, ಲಾರಿಯ ನೆರಳಲ್ಲಿ ಮಲಗಿದ ಡ್ರೈವರ್, ಕಚೇರಿಗೆ ಫೋನಿನ ಮೇಲೆ ಫೋನ್ ಮಾಡುತ್ತಿರುವ ಬೆಳೆಗಾರರು. ಕೆಂಪು ಡಿಗಳೆಲ್ಲ ಕಚೇರಿಯ ಲೇನ್‌ನಲ್ಲೇ ಸಾಲುಗಟ್ಟಿದ್ದವು. ಹಮಾಲಿಗಳ ಲೇನ್‌ನಲ್ಲಿ ಇದ್ದ ಒಂದೇ ಒಂದು ಡಿ ಕೂಡ ಕಚೇರಿಯಿಂದ ಬರಬೇಕಾದ ಚೀಟಿಗಾಗಿ.

ಪರಿಹಾರಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಬಿಪಿಎಂಎನ್‌ನಲ್ಲಿ ವಜ್ರದೊಳಗೆ ಕೂಡುವ ಗುರುತು ಇಟ್ಟರೆ ಎರಡು ಕೆಲಸ ಒಟ್ಟಿಗೆ ನಡೆಯಬಹುದು ಎಂದರ್ಥ. ಸ್ಯಾಂಪಲ್ ತೆಗೆಯುವ ಹೊತ್ತಿನಲ್ಲೇ ಗೋದಾಮಿನ ಮೇಸ್ತ್ರಿ ರಾಶಿಯ ನಂಬರ್ ಗೊತ್ತುಮಾಡಿ ಗೇಟಿಗೆ ತಿಳಿಸಬಹುದಲ್ಲವೇ? ತೇವಾಂಶ ಮಿತಿಯೊಳಗಿದ್ದರೆ ಕಚೇರಿಯ ಸಹಿ ಆಮೇಲೆ ಬೀಳಲಿ, ಮಿತಿ ಮೀರಿದ ಮಾಲು ಮಾತ್ರ ಸಹಿಗೆ ಕಾಯಲಿ. ಕೇಳಲು ಸರಳ. ಆದರೆ ಒಪ್ಪಿಸಲು ನಕ್ಷೆ ಬೇಕಾಯಿತು. ಬಾಯಿಮಾತಿನಲ್ಲಿ ಹೇಳಿದ್ದರೆ ‘ಕಚೇರಿಯವರದೇ ತಪ್ಪು’ ಎಂಬ ಆರೋಪವಾಗುತ್ತಿತ್ತು, ಮಾತಿಗೆ ಮಾತು ಬೆಳೆಯುತ್ತಿತ್ತು. ಹಾಳೆಯ ಮೇಲಿನ ಕೆಂಪು ಗುರುತುಗಳೊಂದಿಗೆ ಜಗಳವಾಡುವವರು ಯಾರು?

ಇಲ್ಲಿ ಮುದ್ರಣದ ಮಾತು ಬರುತ್ತದೆ. ಇಡೀ ನಕ್ಷೆಯನ್ನು ಒಂದೇ ಹಾಳೆಗೆ ಹೊಂದಿಸಿ ಮುದ್ರಿಸುವ ಆಯ್ಕೆ ತಂತ್ರಾಂಶದಲ್ಲಿ ಇದೆ. ಎ3 ಹಾಳೆಯಲ್ಲಿ ತೆಗೆಸಿ ಮೇಜಿನ ಮೇಲೆ ಹರಡಿ, ಪೆನ್ಸಿಲ್ ಇಟ್ಟು, ಚಹಾ ತರಿಸುತ್ತೇವೆ. ಪರದೆಯ ಮುಂದೆ ಕೂರಿಸಿದರೆ ತಲೆಯಾಡಿಸಿ ಎದ್ದು ಹೋಗುವವರು ಹಾಳೆಯ ಮುಂದೆ ಬಾಯಿ ಬಿಡುತ್ತಾರೆ. ಮೊದಲ ಪ್ರತಿಯನ್ನು ನೋಡಿದ ಮೇಸ್ತ್ರಿ ಒಂದು ಚೌಕದ ಮೇಲೆ ಬೆರಳಿಟ್ಟು, ‘ಸಾರ್, ಇದು ನೀವು ಹೇಳುವ ಪದ್ಧತಿ. ಮಳೆ ಹನಿದರೆ ನಾವು ಯಾವ ಚೀಟಿಗೂ ಕಾಯುವುದಿಲ್ಲ, ಮೊದಲು ಚೀಲ ಒಳಗೆ ಹಾಕುತ್ತೇವೆ. ನಂಬರ್ ಆಮೇಲೆ’ ಎಂದರು. ಅಕಾಲದ ಮಳೆಗೆ ಒಂದು ಬೇರೆಯೇ ದಾರಿ ಇತ್ತು, ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನೂ ಬರೆದೆವು. ಗಾರ್ಬ್ಲಿಂಗ್ ಮಾಡುವ, ಎಂದರೆ ಕೆಟ್ಟ ಕಾಳನ್ನು ಕೈಯಿಂದ ಆರಿಸಿ ತೆಗೆಯುವ ಹೆಂಗಸರಿಂದಲೂ ಇಂಥದ್ದೇ ತಿದ್ದುಪಡಿ ಬಂತು: ಕಲರ್ ಸಾರ್ಟರ್‌ನಿಂದ ಬಂದ ಕಾಳಿನಲ್ಲಿ ಕಪ್ಪು ಹೆಚ್ಚಿದ್ದರೆ ಅವರು ಅದನ್ನು ವಾಪಸ್ ಯಂತ್ರಕ್ಕೇ ಕಳುಹಿಸುತ್ತಿದ್ದರು. ಹಿಂದಕ್ಕೆ ಹೋಗುವ ಆ ಬಾಣ ಮೇಲಿನವರಿಗೆ ಗೊತ್ತೇ ಇರಲಿಲ್ಲ.

ಒಂದು ರಿಜಿಸ್ಟರಿನ ಕಥೆಯನ್ನೂ ಹೇಳಬೇಕು. ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಸಂಗ್ರಹಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1996ರ ಹೊತ್ತಿಗೆ ಮುಗಿದು ಬೆಳೆಗಾರರಿಗೆ ಪೂರ್ಣ ಮುಕ್ತ ಮಾರಾಟದ ಹಕ್ಕು ಸಿಕ್ಕಿತು. ನಮ್ಮಲ್ಲಿ ಪ್ರತಿ ಲಾಟಿನ (ಬೆಳೆಗಾರರ ಒಂದು ಕಂತಿನ ಮಾಲು) ವಿವರವನ್ನು ಎರಡನೆಯ ಸಲ ಬರೆದಿಡುವ ದಪ್ಪ ಪುಸ್ತಕವೊಂದು ಅದಾದ ಮೇಲೂ ನಡೆದುಕೊಂಡೇ ಬಂದಿತ್ತು. ನಕ್ಷೆಯಲ್ಲಿ ಅದರಿಂದ ಹೊರಗೆ ಹೋಗುವ ಬಾಣ ಎಳೆಯಲು ಹೊರಟರೆ ಎಲ್ಲಿಗೆ ಎಳೆಯುವುದು? ಓದುವವರೇ ಇರಲಿಲ್ಲ. ಪೂಲ್ ಕಾಲದ ಲೆಕ್ಕ ಒಪ್ಪಿಸಲು ಶುರುವಾದದ್ದು ಎಂದು ಹಿರಿಯ ಗುಮಾಸ್ತರು ನೆನಪಿಸಿಕೊಂಡರು. ಪುಸ್ತಕವನ್ನು ಬೀರುವಿಗೆ ಸೇರಿಸಿದೆವು; ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಇತ್ತೀಚೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಕ್ಷೆಯ ಮೇಲೆ ಇನ್ನೊಂದು ತೆಳು ಪದರ ಹಾಸಿದಂತೆ ಬರೆಯುವ ಲೇಯರ್ ಸೌಲಭ್ಯ. ಯುರೋಪಿಗೆ ಕಾಫಿ ಕಳುಹಿಸುವವರಿಗೆ ಅಲ್ಲಿನ ಅರಣ್ಯನಾಶ ತಡೆ ಕಾನೂನಿನ ಚಿಂತೆ ಹತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಬೆಳೆ ಆಗಿರಬಾರದು. ಬೆಳೆದ ತೋಟದ ಭೌಗೋಳಿಕ ಗುರುತು ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ, ಎಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಗಡಿಯನ್ನೇ ಸುತ್ತಲೂ ಗುರುತಿಸಿ ಕೊಡಬೇಕು. ಗುರುತು ತೋಟದಲ್ಲಿ ಸಿಗುತ್ತದೆ, ಸರಿ. ಅದು ಹಲ್ಲಿಂಗ್ (ಸಿಪ್ಪೆ ತೆಗೆಯುವುದು), ಗ್ರೇಡಿಂಗ್, ಗಾರ್ಬ್ಲಿಂಗ್ ದಾಟಿ ಹೊರಡುವ ಚೀಲದವರೆಗೆ ಉಳಿಯುತ್ತದೆಯೇ? ಹಳೆಯ ನಕ್ಷೆಯ ಮೇಲೆಯೇ ಹೊಸ ಲೇಯರ್ ಹಾಕಿ, ಲಾಟ್ ನಂಬರ್ ಜೀವಂತವಾಗಿರುವ ದಾರಿಗೆ ಹಸಿರು ಗೆರೆ ಎಳೆದೆ. ಹಸಿರು ಎಲ್ಲಿ ತುಂಡಾಗುತ್ತದೆಂದು ನೋಡಿದರೆ, ನಾಲ್ಕಾರು ಬೆಳೆಗಾರರ ಒಂದೇ ಗ್ರೇಡಿನ ಕಾಳನ್ನು ಒಟ್ಟು ಮಾಡುವ ಜಾಗದಲ್ಲಿ. ಯಾವ ಯಾವ ಲಾಟ್ ಸೇರಿತು ಎಂದು ಬರೆಯುವ ಹಾಳೆ ಅಲ್ಲಿ ಇಲ್ಲವಾಗಿತ್ತು, ಈಗ ಇದೆ. ಬೇಡವೆಂದಾಗ ಆ ಲೇಯರನ್ನು ಮರೆಮಾಡಿದರೆ ಹಳೆಯ ನಕ್ಷೆ ಹಾಗೆಯೇ ಇರುತ್ತದೆ.

ಕನ್ನಡದ ವಿಷಯ. ಚೌಕದೊಳಗೆ ಯೂನಿಕೋಡ್ ಕನ್ನಡ ತೊಂದರೆಯಿಲ್ಲದೆ ಕೂರುತ್ತದೆ. ಕಂಪ್ಯೂಟರಿನಲ್ಲಿರುವ ಫಾಂಟ್ ಬಳಸಬಹುದು, ಗೂಗಲ್ ಫಾಂಟ್‌ಗಳನ್ನೂ ಹೆಸರು ಕೊಟ್ಟು ತರಿಸಿಕೊಳ್ಳಬಹುದು. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಚೌಕವನ್ನು ತುಸು ಎತ್ತರ ಮಾಡಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತದಿಂದ ನೇರ ನಕಲು ಮಾಡಿ ಅಂಟಿಸಿದರೆ ಅಕ್ಷರಗಳ ಬದಲು ಗೀಚು ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು.

ಇನ್ನು ಇದರಿಂದ ಆಗದ ಕೆಲಸಗಳು. ಡ್ರಾ.ಐಒ ಬರೆಯುವ ಸಾಧನ, ಯೋಚಿಸುವ ಸಾಧನವಲ್ಲ. ಯಾವುದಕ್ಕೆ ಯಾವುದನ್ನು ಬೇಕಾದರೂ ಜೋಡಿಸಲು ಬಿಡುತ್ತದೆ, ಬಿಪಿಎಂಎನ್ ನಿಯಮ ಮುರಿದಿರಿ ಎಂದು ಎಚ್ಚರಿಸುವುದಿಲ್ಲ. (ನನ್ನ ಕೆಂಪು ಡಿಗಳು ಬದುಕಿರುವುದೇ ಇದರಿಂದ.) ದಿನಕ್ಕೆ ಇಷ್ಟು ಲಾರಿ ಬಂದರೆ ಸಾಲು ಎಷ್ಟು ಉದ್ದವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುವುದಿಲ್ಲ. ಅಂಥ ಅಣಕು ಓಟ ಬೇಕಿದ್ದರೆ ಬಿಜಾಗಿ ಮಾಡೆಲರ್ ನೋಡಬಹುದು. ನಕ್ಷೆಯನ್ನೇ ಕಂಪ್ಯೂಟರಿನಿಂದ ನಡೆಸುವ ಉದ್ದೇಶವಿದ್ದರೆ ಕಮುಂಡಾ ಮಾಡೆಲರ್ ಅದಕ್ಕೆಂದೇ ಮಾಡಿದ್ದು. ನಮ್ಮ ಗಾತ್ರದ ಸಂಸ್ಥೆಗೆ ಎರಡೂ ಹೆಚ್ಚಾಯಿತು. ಮೊಬೈಲಿನ ಪರದೆಯಲ್ಲಿ ಬೆರಳಿನಿಂದ ಬಾಣ ಎಳೆಯುವುದು ನನಗೆ ಒಗ್ಗುವುದಿಲ್ಲ. ಮೊಬೈಲಿಗೆ ಪಿಎನ್‌ಜಿ ಚಿತ್ರ ಕಳುಹಿಸುತ್ತೇನೆ. ರಫ್ತು ಮಾಡುವಾಗ ‘ನಕ್ಷೆಯ ಪ್ರತಿಯನ್ನು ಸೇರಿಸು’ ಎಂಬ ಅರ್ಥದ ಗುರುತು ಹಾಕಿದರೆ ಅದೇ ಚಿತ್ರವನ್ನು ಮತ್ತೆ ತಂತ್ರಾಂಶದಲ್ಲಿ ತೆರೆದು ತಿದ್ದಬಹುದು. ಮೂಲ ಕಡತ ಎಲ್ಲಿಟ್ಟೆ ಎಂದು ಹುಡುಕುವ ಪಾಡು ತಪ್ಪುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಚಿತ್ರವನ್ನು ಅದು ಕುಗ್ಗಿಸಿಬಿಡುತ್ತದೆ.

ಹೊಸದಾಗಿ ಶುರುಮಾಡುವವರು ಮೊದಲು ಲೇನ್‌ಗಳನ್ನು ಹಾಕಿ, ಆಮೇಲೆ ಚೌಕಗಳನ್ನು ಅವುಗಳೊಳಗೆ ಬಿಡಿ. ಲೇನ್‌ನೊಳಗೆ ಬಿಟ್ಟ ಚೌಕ ಲೇನ್‌ಗೇ ಸೇರಿಹೋಗುತ್ತದೆ, ಲೇನ್ ಸರಿಸಿದರೆ ಜೊತೆಗೇ ಬರುತ್ತದೆ. ಚೌಕದ ಪಕ್ಕ ಮೂಡುವ ನೀಲಿ ಬಾಣ ಒತ್ತಿದರೆ ಮುಂದಿನ ಚೌಕ ಗೆರೆ ಸಮೇತ ಬರುತ್ತದೆ. ಹಾಳೆ ತುಂಬಿತು ಎನಿಸಿದರೆ ಅಕ್ಷರ ಕಿರಿದು ಮಾಡಬೇಡಿ; ಕೆಳಗೆ ಹೊಸ ಪುಟ ತೆರೆದು ಚೌಕದಿಂದ ಅಲ್ಲಿಗೆ ಕೊಂಡಿ ಹಾಕಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿತ ಮಾಡಿದ ಒಂದು ಅಂಕದಲ್ಲಿ ಅರ್ಧ, ಕಾಯುವ ಹೊತ್ತನ್ನು ತಾನೇ ಕೂಡಿ ಹೇಳದಿರುವುದಕ್ಕೆ. ಆ ಲೆಕ್ಕವನ್ನು ನಾನು ಈಗಲೂ ಎಕ್ಸೆಲ್‌ನಲ್ಲಿ ಮಾಡುತ್ತೇನೆ. ಇನ್ನರ್ಧ, ಇಷ್ಟೊಂದು ಚಿಹ್ನೆಗಳನ್ನು ಹೊಸಬರ ಮುಂದೆ ಒಮ್ಮೆಲೇ ಸುರಿಯುವುದಕ್ಕೆ. ಜನವರಿಯ ಸಾಲು ಪೂರ್ತಿ ಕರಗಿತೇ ಎಂದರೆ ಇಲ್ಲ. ಗೋದಾಮಿನ ನೆಲ ಇರುವಷ್ಟೇ ಇದೆ, ಅದು ತುಂಬಿದ ದಿನ ಲಾರಿಗಳು ಗೇಟಿನ ಹೊರಗೇ ನಿಲ್ಲುತ್ತವೆ. ಆದರೆ ಈಗ ಬೆಳೆಗಾರರು ಫೋನ್ ಮಾಡಿದರೆ ಯಾವುದಕ್ಕೆ ಕಾಯುತ್ತಿದೆ ಎಂದು ಗೇಟಿನವರೇ ಹೇಳುತ್ತಾರೆ, ಕರೆಯನ್ನು ಕಚೇರಿಗೆ ದಾಟಿಸುವುದಿಲ್ಲ.