ಪ್ಯಾಂಡಾಕ್: ಇನ್‌ಸ್ಟಾಲ್ ಸುಲಭ, ಅಪ್‌ಡೇಟ್ ಬಳಸುವವರ ಹೊಣೆ

ದಸ್ತಾವೇಜುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಿಕೊಡುವ ಉಚಿತ ತಂತ್ರಾಂಶಗಳಲ್ಲಿ ಪ್ಯಾಂಡಾಕ್‌ಗೆ ಸಾಟಿಯಾಗುವಂಥವು ಹೆಚ್ಚಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದು 2006ರಲ್ಲಿ ಬಿಡುಗಡೆ ಮಾಡಿದ ಈ ಸಾಧನ ಸರಳ ಚಿಹ್ನೆಗಳಿಂದ ಪಠ್ಯ ಬರೆಯುವ ಮಾರ್ಕ್‌ಡೌನ್, ವರ್ಡ್‌ನ ಡಾಕ್ಸ್, ಎಚ್‌ಟಿಎಂಎಲ್, ಲೇಟೆಕ್, ಇಪಬ್ ಮುಂತಾದ ಹತ್ತಾರು ರೂಪಗಳನ್ನು ಪರಸ್ಪರ ಬದಲಾಯಿಸುತ್ತದೆ. ಪರಿವರ್ತನೆಯ ಗುಣಮಟ್ಟ ಇಲ್ಲಿನ ವಿಷಯವಲ್ಲ. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿ, ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುವ ಕೆಲಸ ಎಷ್ಟು ಸಲೀಸು ಎಂಬುದನ್ನಷ್ಟೇ ಈ ವಿಮರ್ಶೆ ನೋಡುತ್ತದೆ.

ವಿಂಡೋಸ್‌ನಲ್ಲಿ ಎರಡು ದಾರಿಗಳು ಮುಖ್ಯ. ಯೋಜನೆಯ ಬಿಡುಗಡೆ ಪುಟದಿಂದ ಎಂಎಸ್ಐ ಎಂಬ ಇನ್‌ಸ್ಟಾಲರ್ ಕಡತವನ್ನು ಇಳಿಸಿಕೊಂಡು ಎರಡು ಬಾರಿ ಕ್ಲಿಕ್ ಮಾಡುವುದು ಒಂದು. ವಿಂಗೆಟ್ ಅಥವಾ ಚಾಕೊಲೇಟಿ ಎಂಬ, ಒಂದೇ ಆದೇಶಕ್ಕೆ ತಂತ್ರಾಂಶವನ್ನು ತಂದು ಕೂರಿಸುವ ಪ್ಯಾಕೇಜ್ ನಿರ್ವಾಹಕದಿಂದ ತರಿಸಿಕೊಳ್ಳುವುದು ಇನ್ನೊಂದು. ಎಂಎಸ್ಐ ಹಳೆಯ ಆವೃತ್ತಿ ಇದ್ದರೆ ಅದನ್ನು ತೆಗೆದು ಹೊಸದನ್ನು ಕೂರಿಸುತ್ತದೆ, ತಂತ್ರಾಂಶಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂದು ವ್ಯವಸ್ಥೆಗೆ ಹೇಳುವ ಪಾತ್ ಪಟ್ಟಿಗೆ ತನ್ನ ಹಾದಿಯನ್ನೂ ತಾನೇ ಸೇರಿಸುತ್ತದೆ. ಆದರೆ ಮೊದಲ ಸಲ ಬಳಸುವವರು ಕಕ್ಕಾಬಿಕ್ಕಿಯಾಗುವುದು ಇಲ್ಲಿಯೇ: ಎಲ್ಲ ಮುಗಿಯಿತು ಎಂದು ಪರದೆ ಹೇಳಿದ ಮೇಲೂ ತೆರೆಯಲು ಒಂದು ಕಿಟಕಿಯಿಲ್ಲ, ಒತ್ತಲು ಗುಂಡಿಯಿಲ್ಲ. ಪ್ಯಾಂಡಾಕ್ ಆದೇಶ ಸಾಲಿನ ತಂತ್ರಾಂಶ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಅದರ ಹೆಸರು ಟೈಪ್ ಮಾಡಿದರೆ ಮಾತ್ರ ಅದು ಓಗೊಡುತ್ತದೆ. ಅದೂ ಇನ್‌ಸ್ಟಾಲ್‌ಗೆ ಮುಂಚೆಯೇ ತೆರೆದಿದ್ದ ಟರ್ಮಿನಲ್ ಆಗಿದ್ದರೆ ಬದಲಾದ ಪಾತ್ ಅದಕ್ಕೆ ತಿಳಿದಿರುವುದಿಲ್ಲವಾದ್ದರಿಂದ, ಅದನ್ನು ಮುಚ್ಚಿ ಹೊಸದಾಗಿ ತೆರೆಯಬೇಕು. ಇಷ್ಟನ್ನು ಇನ್‌ಸ್ಟಾಲರ್‌ನ ಕೊನೆಯ ಪರದೆಯಲ್ಲಿಯೇ ಎರಡು ಸಾಲಿನಲ್ಲಿ ತಿಳಿಸುವುದು ಕಷ್ಟದ ಕೆಲಸವೇನಲ್ಲ. ಹಲವರು ಹಂಚಿಕೊಂಡು ಬಳಸುವ ಯಂತ್ರವಾದರೆ ಇನ್ನೊಂದು ಸಂಗತಿ ಗಮನದಲ್ಲಿರಲಿ: ಎಂಎಸ್ಐ ಅನ್ನು ಸುಮ್ಮನೆ ಓಡಿಸಿದರೆ ಪ್ಯಾಂಡಾಕ್ ಆ ಒಬ್ಬ ಬಳಕೆದಾರರ ಖಾತೆಗೆ ಮಾತ್ರ ಸೇರುತ್ತದೆ, ಎಲ್ಲರಿಗೂ ಸಿಗಬೇಕೆಂದರೆ ಆಡಳಿತಾಧಿಕಾರವಿರುವ ಟರ್ಮಿನಲ್‌ನಿಂದ ಅದಕ್ಕೆ ಪ್ರತ್ಯೇಕ ಸೂಚನೆ ಕೊಟ್ಟು ಓಡಿಸಬೇಕು.

ಮ್ಯಾಕ್‌ನ ವಿಷಯದಲ್ಲಿ ಹೇಳುವುದು ಕಡಿಮೆ. ಹೋಮ್‌ಬ್ರೂ ಎಂಬ ಪ್ಯಾಕೇಜ್ ನಿರ್ವಾಹಕ ಬಳಸುವವರಿಗೆ ಇನ್‌ಸ್ಟಾಲ್‌ಗೆ ಒಂದು ಆದೇಶ, ಅಪ್‌ಗ್ರೇಡ್‌ಗೆ ಇನ್ನೊಂದು, ಅಲ್ಲಿಗೆ ಮುಗಿಯಿತು. ಅಧಿಕೃತ ಇನ್‌ಸ್ಟಾಲರ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಂಟೆಲ್ ಮತ್ತು ಆಪಲ್ ಸಿಲಿಕಾನ್ ಯಂತ್ರಗಳಿಗೆ ಬೇರೆ ಬೇರೆ ಕಡತಗಳಿರುವುದನ್ನು ನೋಡಿ ಇಳಿಸಿಕೊಂಡರೆ ಸಾಕು. ಅದರ ಕೊರತೆ ಕಾಣುವುದು ತೆಗೆದುಹಾಕುವಾಗ. ಅಪ್ಲಿಕೇಶನ್ ಫೋಲ್ಡರ್‌ನಿಂದ ಕಸದ ಬುಟ್ಟಿಗೆ ಎಳೆದು ಹಾಕುವಂಥದ್ದು ಏನೂ ಇರುವುದಿಲ್ಲ. ಯೋಜನೆಯವರು ಅದಕ್ಕೆಂದೇ ಕೊಟ್ಟಿರುವ ಪರ್ಲ್ ಸ್ಕ್ರಿಪ್ಟ್ ಅನ್ನು ಓಡಿಸಬೇಕು.

ಲಿನಕ್ಸ್‌ನಲ್ಲಿ ಚಿತ್ರ ಬೇರೆಯೇ. ಪ್ಯಾಂಡಾಕ್ ಉಬುಂಟು, ಡೆಬಿಯನ್‌ನಂಥ ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳ ತಂತ್ರಾಂಶ ಭಂಡಾರದಲ್ಲಿಯೂ ಇದೆ, ಹಾಗಾಗಿ ಇನ್‌ಸ್ಟಾಲ್ ಮಾಡುವುದು ಇಲ್ಲಿಯಷ್ಟು ಸುಲಭ ಮತ್ತೆಲ್ಲಿಯೂ ಇಲ್ಲ. ಆದರೆ ಹೊಸ ಆವೃತ್ತಿ ಸಿಗುವುದು ಇಲ್ಲಿಯಷ್ಟು ಕಷ್ಟ ಕೂಡ ಮತ್ತೆಲ್ಲಿಯೂ ಇಲ್ಲ. ಉಬುಂಟು 22.04ರ ಭಂಡಾರದಲ್ಲಿರುವುದು 2020ರ ಮಾರ್ಚ್ ತಿಂಗಳ 2.9.2.1 ಆವೃತ್ತಿ. 2023ರಲ್ಲಿ ಬಂದ ಡೆಬಿಯನ್ 12 ಕೊಡುವುದು 2.17.1.1, ಅಂದರೆ ಅದು ಹೊರಬರುವ ವೇಳೆಗೆ ಪ್ಯಾಂಡಾಕ್ ಆಗಲೇ 3ನೆಯ ಸರಣಿಗೆ ಕಾಲಿಟ್ಟಿತ್ತು. ಒಂದೆರಡು ವರ್ಷ ಹಳೆಯದಾದರೆ ಏನಾಯಿತು ಎನ್ನುವವರು ಆಧಾರಗ್ರಂಥಗಳ ಉಲ್ಲೇಖವಿರುವ ಒಂದು ಲೇಖನವನ್ನು ಬದಲಾಯಿಸಿ ನೋಡಬಹುದು. ಉಲ್ಲೇಖಗಳನ್ನು ಜೋಡಿಸುವ ಸೈಟ್‌ಪ್ರಾಕ್ ಸೌಲಭ್ಯ ಪ್ಯಾಂಡಾಕ್‌ನೊಳಗೇ ಸೇರಿದ್ದು 2.11ರಲ್ಲಿ, ಅದಕ್ಕಿಂತ ಹಿಂದಿನ ಆವೃತ್ತಿಗಳಿಗೆ ಪ್ರತ್ಯೇಕ ಪೂರಕ ತಂತ್ರಾಂಶ ಬೇಕಿತ್ತು. ಇಂದಿನ ಕೈಪಿಡಿಯಲ್ಲಿರುವ ಆದೇಶವನ್ನು ಉಬುಂಟು 22.04ರ ಪ್ಯಾಂಡಾಕ್‌ಗೆ ಕೊಟ್ಟರೆ ಅಂಥದೊಂದು ಆಯ್ಕೆಯೇ ಇಲ್ಲ ಎಂಬ ಉತ್ತರ ಬರುತ್ತದೆ. ಬಳಸುವವರು ತಮ್ಮ ಟೈಪಿಂಗ್ ಮೇಲೆ ಅನುಮಾನಪಟ್ಟು ಮತ್ತೆ ಮತ್ತೆ ತಿದ್ದುತ್ತಾರೆ, ತಪ್ಪಿರುವುದು ಆವೃತ್ತಿಯಲ್ಲಿ.

ಆದ್ದರಿಂದ ಡೆಬಿಯನ್ ಮತ್ತು ಉಬುಂಟು ಬಳಸುವವರಿಗೆ ನನ್ನ ಸಲಹೆ ಸ್ಪಷ್ಟ: ಭಂಡಾರವನ್ನು ಬಿಟ್ಟು, ಯೋಜನೆಯ ಪುಟದಲ್ಲಿರುವ ಡೆಬ್ ಎಂಬ ಇನ್‌ಸ್ಟಾಲ್ ಕಡತವನ್ನೇ ಬಳಸಿ. ಅದು ಬೇರೆ ಲೈಬ್ರರಿಗಳ (ಪೂರಕ ಕೋಡ್ ಕಡತಗಳ) ಮೇಲೆ ಅವಲಂಬಿತವಾಗದ ಒಂದೇ ಕಾರ್ಯಕಡತವಾದ್ದರಿಂದ ಹಳೆಯ ವಿತರಣೆಗಳಲ್ಲಿಯೂ ನಡೆಯುತ್ತದೆ. ಬೇರೆ ವಿತರಣೆಗಳವರಿಗೆ ಮತ್ತು ಆಡಳಿತಾಧಿಕಾರ ಇಲ್ಲದವರಿಗೆ ಅದೇ ಕಾರ್ಯಕಡತ ಟಾರ್ ಸಂಕೋಚಿತ ರೂಪದಲ್ಲಿಯೂ ದೊರೆಯುತ್ತದೆ. ತಮ್ಮ ಹೋಮ್ ಡೈರೆಕ್ಟರಿಯಲ್ಲಿ ಬಿಚ್ಚಿಕೊಂಡರೆ ಸಾಕು. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ವ್ಯವಸ್ಥೆಯ ಎಂದಿನ ಅಪ್‌ಡೇಟ್‌ನೊಂದಿಗೆ ಪ್ಯಾಂಡಾಕ್ ತಾನಾಗಿ ಹೊಸದಾಗುವುದಿಲ್ಲ. ಪ್ರತಿ ಸಲವೂ ಕಡತವನ್ನು ನಾವೇ ತರಬೇಕು. ಆರ್ಚ್ ಲಿನಕ್ಸ್‌ನಲ್ಲಿ ಆವೃತ್ತಿ ಹಳೆಯದಾಗುವ ತೊಂದರೆ ಅಷ್ಟಿಲ್ಲ, ಆದರೆ ಅಲ್ಲಿ ಪ್ಯಾಂಡಾಕ್ ಜೊತೆಗೆ ಹ್ಯಾಸ್ಕೆಲ್ ಲೈಬ್ರರಿಗಳ ದೊಡ್ಡ ದಿಬ್ಬಣವೇ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪ್ಯಾಂಡಾಕ್ ಒಂದರ ಮಾತು. ಡಾಕ್ಸ್, ಇಪಬ್, ಎಚ್‌ಟಿಎಂಎಲ್‌ಗಳಿಗೆ ಅದೊಂದೇ ಸಾಕು. ಆದರೆ ಬಹಳಷ್ಟು ಜನ ಇದನ್ನು ಇನ್‌ಸ್ಟಾಲ್ ಮಾಡಿಕೊಳ್ಳುವುದು ಪಿಡಿಎಫ್‌ಗಾಗಿ, ಮತ್ತು ಪಿಡಿಎಫ್ ಅನ್ನು ಪ್ಯಾಂಡಾಕ್ ತಾನೇ ತಯಾರಿಸುವುದಿಲ್ಲ; ಪಠ್ಯವನ್ನು ಲೇಟೆಕ್ ಅಥವಾ ಅಂಥ ಬೇರೊಂದು ಎಂಜಿನ್‌ಗೆ ಒಪ್ಪಿಸಿ ಅದರಿಂದ ಮಾಡಿಸುತ್ತದೆ. ಆ ಎಂಜಿನ್ ಬೇರೆಯಾಗಿ ಬರಬೇಕು. ಲೇಟೆಕ್ ಕಂತೆಗಳಲ್ಲಿ ವಿಂಡೋಸ್‌ಗೆ ಮಿಕ್‌ಟೆಕ್ ಒಳ್ಳೆಯ ಆಯ್ಕೆ, ಏಕೆಂದರೆ ಕೊರತೆಯಾದ ಪ್ಯಾಕೇಜನ್ನು ಬೇಕಾದಾಗ ತಾನೇ ತಂದುಕೊಳ್ಳುತ್ತದೆ. ಮ್ಯಾಕ್‌ಗೆ ಇಡೀ ಮ್ಯಾಕ್‌ಟೆಕ್ ಹಾಕಿಕೊಂಡರೆ ಹಲವು ಗಿಗಾಬೈಟ್ ಜಾಗ ಹೋಗುತ್ತದೆ. ಬೇಸಿಕ್‌ಟೆಕ್ ಚಿಕ್ಕದು, ಆದರೆ ಪ್ಯಾಂಡಾಕ್ ಕೇಳುವ ಕೆಲವು ಪ್ಯಾಕೇಜ್‌ಗಳನ್ನು ಕೈಯಾರೆ ಸೇರಿಸಬೇಕಾಗುತ್ತದೆ. ಮ್ಯಾಕ್‌ಟೆಕ್, ಬೇಸಿಕ್‌ಟೆಕ್ ಎರಡಕ್ಕೂ ಮೂಲವಾದ ಟೆಕ್ ಲೈವ್ ವರ್ಷಕ್ಕೊಂದು ಆವೃತ್ತಿ ಹೊರತರುವುದರಿಂದ, ಹಿಂದಿನ ವರ್ಷದ ಇನ್‌ಸ್ಟಾಲ್‌ಗೆ ಈ ವರ್ಷದ ಭಂಡಾರದಿಂದ ಪ್ಯಾಕೇಜ್ ಸೇರಿಸಹೋದರೆ ಅದು ಒಪ್ಪುವುದಿಲ್ಲ. ಪ್ಯಾಂಡಾಕ್ ಅನ್ನು ಹೊಸದಾಗಿಟ್ಟುಕೊಂಡವರು ಈ ಎರಡನೆಯ ಅಪ್‌ಡೇಟ್ ಅನ್ನು ಮರೆತಿರುತ್ತಾರೆ.

ಕನ್ನಡ ಪಠ್ಯವಿರುವವರಿಗೆ ಇನ್ನೂ ಒಂದು ಹೆಜ್ಜೆಯಿದೆ. ಪ್ಯಾಂಡಾಕ್ ತಾನಾಗಿ ಆರಿಸಿಕೊಳ್ಳುವ ಪಿಡಿಎಫ್‌ಲೇಟೆಕ್ ಎಂಜಿನ್‌ಗೆ ಕನ್ನಡ ಅಕ್ಷರ ಕಂಡೊಡನೆ ದೋಷ ಬಂದು ಕೆಲಸ ನಿಂತುಹೋಗುತ್ತದೆ. ಅದರ ಬದಲು ಜೀಲೇಟೆಕ್ ಎಂಬ ಎಂಜಿನ್ ಅನ್ನು ಸೂಚಿಸಿದರೆ ಕೆಲಸ ಮುಂದುವರಿಯುತ್ತದೆ, ಆದರೆ ಫಾಂಟ್ ಹೆಸರಿಸದಿದ್ದರೆ ಅಕ್ಷರಗಳ ಜಾಗ ಖಾಲಿ ಉಳಿಯುತ್ತದೆ, ಏಕೆಂದರೆ ಅದರೊಂದಿಗೆ ಬರುವ ಲ್ಯಾಟಿನ್ ಮಾಡರ್ನ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೋ ಸೆರಿಫ್ ಕನ್ನಡದಂಥ ಫಾಂಟನ್ನು ಮೊದಲೇ ಯಂತ್ರದಲ್ಲಿ ಸೇರಿಸಿಕೊಂಡು, ಅದನ್ನು ಮುಖ್ಯ ಫಾಂಟ್ ಎಂದು ಹೆಸರಿಸಿ, ಫಾಂಟ್ ಆಯ್ಕೆಗಳಲ್ಲಿ ಲಿಪಿ ಕನ್ನಡ ಎಂದೂ ತಿಳಿಸಬೇಕು. ಈ ಕೊನೆಯದನ್ನು ಬಿಟ್ಟರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಲುವಾಲೇಟೆಕ್ ಎಂಬ ಇನ್ನೊಂದು ಎಂಜಿನ್ ಬಳಸುವವರು ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್ ರೆಂಡರರ್ ಅನ್ನೂ ಹೆಸರಿಸಬೇಕು. ಇದೆಲ್ಲ ಕೈಪಿಡಿಯಲ್ಲಿ ಒಂದೇ ಕಡೆ ಸಿಗುವಂತಿದ್ದರೆ ಚೆನ್ನಾಗಿತ್ತು.

ಮತ್ತೆ ಅಪ್‌ಡೇಟ್‌ಗೆ ಬಂದರೆ, ಪ್ಯಾಂಡಾಕ್ ಯಾವ ವ್ಯವಸ್ಥೆಯಲ್ಲಿಯೂ ಹೊಸ ಆವೃತ್ತಿ ಬಂದಿದೆ ಎಂದು ಎಚ್ಚರಿಸುವುದಿಲ್ಲ, ತಾನಾಗಿ ಬದಲಾಗುವುದೂ ಇಲ್ಲ. ಇದನ್ನು ಕೊರತೆ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅರ್ಧ ಸಿದ್ಧವಾದ ಪುಸ್ತಕದ ನಡುವೆ ತಂತ್ರಾಂಶ ತಾನೇ ಬದಲಾಗಿ ಫಲಿತಾಂಶ ಬೇರೆಯಾದರೆ ಆಗುವ ತಲೆನೋವು ಚಿಕ್ಕದಲ್ಲ, ಮತ್ತು ಪ್ಯಾಂಡಾಕ್‌ನಲ್ಲಿ ಅಂಥ ಬದಲಾವಣೆಗಳು ಆಗಿವೆ: 2.11ರ ಸರಣಿಯಲ್ಲಿ ಮಾರ್ಕ್‌ಡೌನ್ ಶೀರ್ಷಿಕೆಗಳನ್ನು ಬರೆಯುವ ವಾಡಿಕೆಯೇ ಅಡಿಗೆರೆಯಿಂದ ಹ್ಯಾಶ್ ಚಿಹ್ನೆಗೆ ಬದಲಾಯಿತು. ಸಂಖ್ಯೆಗಳನ್ನೂ ಎಚ್ಚರದಿಂದ ಓದಬೇಕು. ಹ್ಯಾಸ್ಕೆಲ್ ಜಗತ್ತಿನ ಪದ್ಧತಿಯಂತೆ ಮೊದಲ ಎರಡು ಅಂಕಿಗಳೂ ಸೇರಿ ಮುಖ್ಯ ಆವೃತ್ತಿಯಾಗುವುದರಿಂದ, 3.1ರಿಂದ 3.2ಕ್ಕೆ ಹೋಗುವುದನ್ನು ಸಣ್ಣ ತೇಪೆ ಎಂದುಕೊಳ್ಳುವ ಮೊದಲು ಬದಲಾವಣೆಗಳ ಪಟ್ಟಿಯನ್ನು ನೋಡುವುದು ಒಳಿತು. ಚಿತ್ರ ಮತ್ತು ಕೋಷ್ಟಕಗಳಿಗೆ ಸಂಖ್ಯೆ ಕೊಡುವ ಪ್ಯಾಂಡಾಕ್ ಕ್ರಾಸ್‌ರೆಫ್ ಎಂಬ ಪೂರಕವನ್ನು ಬಳಸುವವರು ಎರಡನ್ನೂ ಜೋಡಿಯಾಗಿಯೇ ಏರಿಸಬೇಕು. ಬೇರೆ ಆವೃತ್ತಿಗಾಗಿ ಕಟ್ಟಿದ್ದಾದರೆ ಅದು ಎಚ್ಚರಿಕೆ ತೋರಿಸುತ್ತದೆ.

ಒಳಗೊಳಗೇ ಪ್ಯಾಂಡಾಕ್ ಬಳಸುವ ಆರ್‌ಸ್ಟುಡಿಯೋ ಮತ್ತು ಕ್ವಾರ್ಟೋ ತಂತ್ರಾಂಶಗಳು ತಮ್ಮದೇ ಪ್ಯಾಂಡಾಕ್ ಪ್ರತಿಯನ್ನು ಹೊತ್ತು ಬರುವುದರಿಂದ, ಅವುಗಳೊಳಗೆ ಒಂದು ಆವೃತ್ತಿ, ಟರ್ಮಿನಲ್‌ನಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಅಪ್‌ಡೇಟ್ ಮಾಡಿದರೂ ಹಳೆಯ ಸಂಖ್ಯೆಯೇ ಕಾಣುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಒಬ್ಬರೇ ಬಳಸುವವರಾದರೆ ವಿಂಡೋಸ್‌ನಲ್ಲಿ ವಿಂಗೆಟ್, ಮ್ಯಾಕ್‌ನಲ್ಲಿ ಹೋಮ್‌ಬ್ರೂ, ಡೆಬಿಯನ್ ಕುಟುಂಬದಲ್ಲಿ ಡೆಬ್ ಕಡತ ಎಂಬುದು ನನ್ನ ಶಿಫಾರಸು. ಬೇರೆ ಬೇರೆ ಯಂತ್ರಗಳಲ್ಲಿ ಹಲವರು ಸೇರಿ ಒಂದೇ ದಸ್ತಾವೇಜನ್ನು ಸಿದ್ಧಪಡಿಸುವುದಾದರೆ ಯೋಜನೆಯ ಡಾಕರ್ ಚಿತ್ರಿಕೆಗಳು (ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಕಟ್ಟಿಟ್ಟ ಕಂತೆಗಳು) ಮೇಲು: ಲೇಟೆಕ್ ಒಳಗೊಂಡ ಚಿತ್ರಿಕೆಯನ್ನು ಆವೃತ್ತಿ ಸಂಖ್ಯೆಯೊಂದಿಗೆ ಹೆಸರಿಸಿದರೆ ಎಲ್ಲರಿಗೂ ಒಂದೇ ಫಲಿತಾಂಶ ಸಿಗುತ್ತದೆ. ಹೊಸ ಆವೃತ್ತಿ ಒಗ್ಗದಿದ್ದರೆ ಗಿಟ್‌ಹಬ್‌ನ ಬಿಡುಗಡೆ ಪುಟದಲ್ಲಿ ಹಿಂದಿನ ಆವೃತ್ತಿಗಳ ಕಡತಗಳೂ ಇವೆ. ಬೇಕಾದದ್ದನ್ನು ಇಳಿಸಿಕೊಂಡು ಹಿಂದಕ್ಕೆ ಹೋಗಬಹುದು.