ಬ್ಯಾಗ್ ಯಾರು ಹೊರುತ್ತಾರೆ? ಹುಡುಗರ ಹಿಮಾಲಯ ಟ್ರೆಕ್‌ಗೆ ನಾನು ಹೋಗಿ ನೋಡಿದ ಮೂರು ದಾರಿ

ಪಿಯುಸಿ ಪರೀಕ್ಷೆ ಮುಗಿದರೆ ಸಾಕು, ನನಗೆ ಫೋನ್ ಬರೋಕೆ ಶುರುವಾಗುತ್ತೆ. ಪರಿಚಯದವರ ಮಕ್ಕಳು, ಅವರ ಗೆಳೆಯರ ಅಪ್ಪ ಅಮ್ಮ. ಎಲ್ಲರದ್ದೂ ಒಂದೇ ಪ್ರಶ್ನೆ. ಹುಡುಗ ಹಿಮಾಲಯಕ್ಕೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ, ಯಾರ ಜೊತೆ ಕಳಿಸೋಣ?

ನಾನು ಮೂರು ಥರ ಹೋಗಿ ಬಂದಿದ್ದೇನೆ. 2014ರ ಮೇ ತಿಂಗಳಲ್ಲಿ, ಡಿಗ್ರಿ ಓದುವಾಗ, ಕಡಿಮೆ ಖರ್ಚಿನಲ್ಲಿ ಟ್ರೆಕ್ ಮಾಡಿಸುವ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಜೊತೆ ಹಿಮಾಚಲದ ಸರ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟುವ ದಾರಿ). ಕೆಲಸ ಸಿಕ್ಕ ಮೇಲೆ ತಂಗಿಯನ್ನು ಕರೆದುಕೊಂಡು ಒಂದು ಖಾಸಗಿ ಕಂಪನಿಯ ಜೊತೆ ಉತ್ತರಾಖಂಡದ ಕೇದಾರಕಂಠ. ಹೋದ ವರ್ಷ ದಸರಾ ರಜೆಯಲ್ಲಿ ಅಕ್ಕನ ಮಗ, ಅವನ ಇಬ್ಬರು ಗೆಳೆಯರು, ನಾನು, ಯಾವ ಕಂಪನಿಯೂ ಇಲ್ಲದೆ ಉತ್ತರಾಖಂಡದ್ದೇ ಸಾಂಕ್ರಿ ಊರಿನ ಒಬ್ಬ ಗೈಡ್ ಹಿಡಿದು ಹರ್ ಕಿ ದೂನ್ ಕಣಿವೆ. ಮೂರೂ ಟ್ರೆಕ್ಕೇ. ಆದರೆ 17 ವರ್ಷದ ಹುಡುಗನಿಗೆ ಮೂರೂ ಒಂದೇ ಅಲ್ಲ.

ನಾನು ಈಗ ಎಲ್ಲರಿಗೂ ಮೊದಲು ಕೇಳೋದು ಫೀಸು ಎಷ್ಟು ಅಂತಲ್ಲ. ಬ್ಯಾಗ್ ಯಾರು ಹೊರುತ್ತಾರೆ ಅಂತ.

ಯೂತ್ ಹಾಸ್ಟೆಲ್‌ನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಕಸೋಲ್ ಬೇಸ್ ಕ್ಯಾಂಪಿನಲ್ಲಿ ಹೆಸರು ಬರೆಸಿದ ದಿನವೇ ಒಂದು ರಕ್‌ಸ್ಯಾಕ್ ಕೈಗೆ ಕೊಟ್ಟರು. ಮನೆಯಿಂದ ತಂದ ಸೂಟ್‌ಕೇಸಿನಲ್ಲಿ ಏನು ಬೇಕೋ ಅದನ್ನು ಮಾತ್ರ ಇದಕ್ಕೆ ತುಂಬಿಕೊಳ್ಳಿ, ಉಳಿದದ್ದು ಕ್ಲೋಕ್ ರೂಮಿನಲ್ಲಿಡಿ ಅಂದರು. ನಾನು ಮೊದಲ ಸಲ ತುಂಬಿದ್ದು 14 ಕೆಜಿ ಆಗಿತ್ತು. ಎರಡನೇ ದಿನ ಅದೇ ಬ್ಯಾಗ್ ಹೊತ್ತುಕೊಂಡು ಸುತ್ತಲಿನ ಗುಡ್ಡ ಹತ್ತಿಸಿದರು, ಮೈ ಆ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ. ವಾಪಸ್ ಬಂದವಳೇ ಹೇರ್ ಡ್ರೈಯರ್, ಎರಡು ಜೀನ್ಸ್, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ ಎಲ್ಲ ತೆಗೆದೆ. ಚಕ್ಕುಲಿ ಟೆಂಟಿನವರೆಲ್ಲ ಸೇರಿ ಖಾಲಿ ಮಾಡಿದೆವು. ಮೂರನೇ ದಿನ ಬಂಡೆ ಹತ್ತೋದು, ಹಗ್ಗ ಹಿಡಿದು ಇಳಿಯೋದು. ನಾಲ್ಕನೇ ದಿನ ಬೆಳಿಗ್ಗೆ ಇಡೀ ಕ್ಯಾಂಪ್ ಎರಡು ಸಾಲಲ್ಲಿ ನಿಂತು ಚಪ್ಪಾಳೆ ಹೊಡೆದು ನಮ್ಮ ಬ್ಯಾಚನ್ನು ಕಳಿಸಿತು. ಆ ಚಪ್ಪಾಳೆ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತೆ.

ಅವರ ವ್ಯವಸ್ಥೆ ಹೀಗಿದೆ. ಗ್ರಹಣ್, ಪದ್ರಿ, ಮಿನ್ ಥಾಚ್, ನಗಾರು ಅಂತ ಕ್ಯಾಂಪುಗಳು ಸೀಸನ್ ಪೂರ್ತಿ ಅಲ್ಲೇ ಇರುತ್ತವೆ. ಬ್ಯಾಚುಗಳು ಮಾತ್ರ ಒಂದರ ಹಿಂದೆ ಒಂದು ಮುಂದೆ ಹೋಗುತ್ತಾ ಇರುತ್ತವೆ. ನಾವು ಬಿಟ್ಟ ಟೆಂಟಿಗೆ ಅವತ್ತೇ ಸಂಜೆ ಹಿಂದಿನ ಬ್ಯಾಚು ಬರುತ್ತೆ. ಕ್ಯಾಂಪ್ ನೋಡಿಕೊಳ್ಳುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಖರ್ಚು ಅಷ್ಟು ಕಡಿಮೆ ಇರೋದಕ್ಕೆ ಇದೇ ಕಾರಣ. ಒಂದು ಬ್ಯಾಚಿನಲ್ಲಿ ನಲವತ್ತು ಐವತ್ತು ಜನ, ಒಂದು ಟೆಂಟಿನಲ್ಲಿ ಎಂಟು ಹತ್ತು ಜನ, ಹುಡುಗಿಯರಿಗೆ ಬೇರೆ ಟೆಂಟು. ನಮ್ಮ ಟೆಂಟಿನಲ್ಲಿ ಸೂರತ್‌ನ ಇಬ್ಬರು, ಕೊಲ್ಕತ್ತಾದ ಒಬ್ಬ ಟೀಚರ್, ಹುಬ್ಬಳ್ಳಿಯ ಅಕ್ಕ ತಂಗಿ. ಲೀಡರ್ ಯಾರು ಅಂದರೆ ನಮ್ಮಲ್ಲೇ ಒಬ್ಬರು. ದಿನಾ ಬೆಳಿಗ್ಗೆ ತಲೆ ಎಣಿಸೋದು, ಹಿಂದೆ ಉಳಿದವರನ್ನು ಕರೆತರೋದು, ಸಂಜೆ ಹಾಡು ಹೇಳಿಸೋದು ಅವರ ಕೆಲಸ. ಕ್ಯಾಂಪ್ ಫೈರ್ ಅಂತ ಕರೀತಾರೆ, ಆದರೆ ಬೆಂಕಿ ಹಾಕಲ್ಲ, ಕಾಡಿನ ಸೌದೆ ಸುಡಬಾರದು ಅಂತ. ಕತ್ತಲಲ್ಲಿ ಕೂತು ಹಾಡು, ಆಮೇಲೆ ಬಿಸಿ ಬೋರ್ನ್‌ವಿಟಾ, ಮಲಗೋದು.

ಊಟಕ್ಕೆ ತಟ್ಟೆ ಲೋಟ ನಮ್ಮದೇ, ತೊಳೆಯೋದೂ ನಾವೇ. ಮಿನ್ ಥಾಚ್‌ನಲ್ಲಿ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಡಬ್ಬಿಯಲ್ಲಿ ದಾಲ್ ತಿಂದು ಮುಗಿಸಿ ನೀರಿನ ಹತ್ತಿರ ಹೋಗುವಷ್ಟರಲ್ಲಿ ಎಣ್ಣೆ ಬಿಳಿಯಾಗಿ ಗಟ್ಟಿ ಕೂತಿತ್ತು. ನೀರು ಮುಟ್ಟಿದರೆ ಬೆರಳು ಕತ್ತರಿಸಿದ ಹಾಗೆ. ಹುಬ್ಬಳ್ಳಿಯ ಅಕ್ಕ ಒಂದು ಹಿಡಿ ಮಣ್ಣು, ಒಂದಿಷ್ಟು ಹುಲ್ಲು ತೆಗೆದುಕೊಂಡು ಗಸಗಸ ತಿಕ್ಕಿ ತೋರಿಸಿದರು. ಮನೆಯಲ್ಲಿ ಒಂದು ಲೋಟ ಎತ್ತಿಡದ ನಾನು ಅವತ್ತು ಕೈ ಮರಗಟ್ಟುವ ತನಕ ಡಬ್ಬಿ ತೊಳೆದೆ, ಮಾರನೇ ದಿನದಿಂದ ಊಟ ಮುಗಿದ ತಕ್ಷಣ ಬಿಸಿ ಇರುವಾಗಲೇ ತೊಳೆಯೋದು ಕಲಿತೆ. ಹದಿನೆಂಟು ಹತ್ತೊಂಬತ್ತರ ವಯಸ್ಸಿಗೆ ಇದು ಸಣ್ಣ ವಿಷಯ ಅಲ್ಲ.

ಕೇದಾರಕಂಠಕ್ಕೆ ಹೋದಾಗ ಎಲ್ಲ ಬೇರೆ. ಡಿಸೆಂಬರ್ ಕೊನೆ ವಾರ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್, ಇಡೀ ದಿನದ ದಾರಿ. ಕಂಪನಿಯವರ ಗಾಡಿ, ಕಂಪನಿಯವರ ಗೆಸ್ಟ್ ಹೌಸ್. ಇಬ್ಬರಿಗೆ ಒಂದು ಟೆಂಟು, ಒಳ್ಳೆ ಸ್ಲೀಪಿಂಗ್ ಬ್ಯಾಗು, ಹಿಮದಲ್ಲಿ ಜಾರದಂತೆ ಬೂಟಿಗೆ ಹಾಕುವ ಮೈಕ್ರೋಸ್ಪೈಕ್ಸ್, ಹಿಮ ಒಳಗೆ ಹೋಗದಂತೆ ಗೈಟರ್. ರಾತ್ರಿ ಊಟಕ್ಕೆ ಬಿಸಿ ಗುಲಾಬ್ ಜಾಮೂನ್. ಬೆಳಿಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ ಬರೆದುಕೊಳ್ಳುತ್ತಿದ್ದರು. ಇದು ನನಗೆ ತುಂಬಾ ಇಷ್ಟವಾಯಿತು. ಸರಿಯಾಗಿ ಮಾಡುವ ಕಂಪನಿ ಸಿಕ್ಕರೆ ಸಾಮಾನು, ಔಷಧ, ಆಕ್ಸಿಜನ್ ವಿಷಯದಲ್ಲಿ ಈ ದಾರಿಯೇ ಮುಂದೆ, ಅನುಮಾನ ಬೇಡ.

ಆದರೆ ಬೇಸರವಾದ ಸಂಗತಿಗಳೂ ಇವೆ, ಕಂಪನಿಯ ಹೆಸರು ಹೇಳಲ್ಲ. ಬುಕ್ ಮಾಡುವಾಗ 15 ಜನ ಅಂದಿದ್ದರು. ಅಲ್ಲಿ ಹೋದರೆ ಎರಡು ಬ್ಯಾಚು ಸೇರಿಸಿ 28 ಜನ. ಟ್ರೆಕ್ ಲೀಡರ್ ಒಳ್ಳೆ ಹುಡುಗ, ಆದರೆ ಬಿಡುವಿಲ್ಲದೆ ಸತತ ನಾಲ್ಕನೇ ಬ್ಯಾಚು ಹತ್ತಿಸುತ್ತಿದ್ದ. ಅವನ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಇನ್ನು ಬ್ಯಾಗ್. ಇಷ್ಟು ದುಡ್ಡು ಕೊಟ್ಟರೆ ನಿಮ್ಮ ಬ್ಯಾಗ್ ಹೇಸರಗತ್ತೆ ಮೇಲೆ ಬರುತ್ತೆ, ನೀವು ನೀರಿನ ಬಾಟಲಿ ಹಿಡಿದು ನಡೆದರೆ ಸಾಕು ಅಂದರು. ಅರ್ಧಕ್ಕೂ ಜಾಸ್ತಿ ಜನ ಒಪ್ಪಿಕೊಂಡರು. ಎರಡನೇ ದಿನ ಮಧ್ಯಾಹ್ನ ಹಿಮ ಬೀಳೋಕೆ ಶುರುವಾಯಿತು. ನಾವು ಕ್ಯಾಂಪ್ ಸೇರಿ ಒಂದೂವರೆ ಗಂಟೆಯಾದರೂ ಹೇಸರಗತ್ತೆಗಳು ಬಂದಿಲ್ಲ. ಪುಣೆಯ ಒಬ್ಬಳು ಹುಡುಗಿ, ಇನ್ನೂ 18 ಇರಬೇಕು, ಬೆವರಿದ ಟೀ ಶರ್ಟಿನಲ್ಲಿ ನಡುಗುತ್ತಾ ನಿಂತಿದ್ದಳು. ಜಾಕೆಟ್, ಟೋಪಿ, ಒಣ ಸಾಕ್ಸ್ ಎಲ್ಲ ಆ ಬ್ಯಾಗಿನಲ್ಲಿ. ತಂಗಿ ತನ್ನ ಜಾಕೆಟ್ ತೆಗೆದು ಅವಳಿಗೆ ಹಾಕಿದಳು, ನಾವಿಬ್ಬರೂ ಅವಳನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ ಬಿಸಿ ನೀರಿನ ಬಾಟಲಿ ಕೊಟ್ಟೆವು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಬೆಟ್ಟದಲ್ಲಿ ತನ್ನ ಬೆಚ್ಚಗಿನ ಬಟ್ಟೆ ತನ್ನ ಬೆನ್ನ ಮೇಲೇ ಇರಬೇಕು ಅನ್ನೋದನ್ನು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಸಿಟ್ಟು ಬಂದಿದ್ದು ಅದಕ್ಕೆ.

ಎತ್ತರದ ವಿಷಯವನ್ನು ಪಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರು ಸುಮಾರು 3,000 ಅಡಿ. ಸರ್ ಪಾಸ್‌ನಲ್ಲಿ ಕಸೋಲ್‌ನ ಮೂರು ರಾತ್ರಿ ಆದ ಮೇಲೆ ಮಲಗಿದ ಎತ್ತರ ಸುಮಾರು 7,700, 9,300, 11,200, 12,500 ಅಡಿ. ಆಮೇಲೆ 13,800 ಅಡಿಯ ಪಾಸ್ ದಾಟಿ ಅವತ್ತೇ ಕೆಳಗೆ. ಕೇದಾರಕಂಠದಲ್ಲಿ ಸಾಂಕ್ರಿ ಸುಮಾರು 6,400, ಮಾರನೇ ರಾತ್ರಿ ಜುಡಾ ಕಾ ತಾಲಾಬ್ 9,100, ಅದರ ಮಾರನೇ ರಾತ್ರಿ 11,000 ದಾಟಿ, ಬೆಳಗಿನ ಜಾವಕ್ಕೆ 12,500 ಅಡಿಯ ತುದಿ. ಅಂದರೆ ತುದಿ ಕಡಿಮೆ, ಆದರೆ ಹತ್ತುವ ವೇಗ ಜಾಸ್ತಿ. 3,000 ಮೀಟರ್, ಅಂದರೆ ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ಜಾಹೀರಾತಿನಲ್ಲಿ ಈಸಿ ಅಂತ ಬರೆದ ಟ್ರೆಕ್ಕಿನಲ್ಲೇ ನಾನು ಜಾಸ್ತಿ ಜನ ತಲೆನೋವು, ವಾಂತಿ ಅಂತ ಮಲಗಿದ್ದು ನೋಡಿದ್ದು. ಸುಮ್ನೆ ಹೆದರಿಸ್ತಿಲ್ಲ. ನಾಲ್ಕು ದಿನ ರಜೆಗೆ ಹೊಂದುವ ಹಾಗೆ ಕತ್ತರಿಸಿದ ಪ್ಲಾನ್ ನೋಡಿದರೆ ಎಚ್ಚರವಾಗಿರಿ.

ಈಗ ಹರ್ ಕಿ ದೂನ್. ಇದಕ್ಕೂ ಸಾಂಕ್ರಿಯೇ ದಾರಿ. ನೈಟ್ವಾಡ್ ಚೆಕ್‌ಪೋಸ್ಟಿನಲ್ಲಿ ಗೋವಿಂದ ನ್ಯಾಷನಲ್ ಪಾರ್ಕಿನ ಪರ್ಮಿಟ್, ತಾಲೂಕಾ ತನಕ ಜೀಪು, ಅಲ್ಲಿಂದ ಸುಪಿನ್ ನದಿ ಪಕ್ಕ ನಡಿಗೆ. ಒಸ್ಲಾ ಊರಿನಲ್ಲಿ ಟೆಂಟ್ ಇಲ್ಲ, ದೇವದಾರು ಮರದ ಮನೆಯಲ್ಲಿ ಉಳಿದೆವು. ಒಲೆ ಮುಂದೆ ಕೂರಿಸಿ ಮಂಡುವಾ ರೊಟ್ಟಿ ಕೊಟ್ಟರು. ಒಂದು ತುತ್ತು ತಿಂದ ಅಕ್ಕನ ಮಗ ನನ್ನ ಮುಖ ನೋಡಿ "ಇದು ರಾಗಿ ಅಲ್ವಾ?" ಅಂದ. ಹೌದು, ನಮ್ಮ ರಾಗಿಯೇ. ಮನೆ ಹಿಂದಿನ ಗದ್ದೆಯಲ್ಲಿ ತೆನೆ ಒಣಗಿಸಿದ್ದರು. ಮನೆಯ ಅಜ್ಜಿಗೆ ನಾನು ಕೈಯಲ್ಲಿ ಉಂಡೆ ಮಾಡಿ ಮುದ್ದೆ ಅಂದರೆ ಹೇಗಿರುತ್ತೆ ಅಂತ ತೋರಿಸಿದೆ. ಎರಡು ಸಾವಿರ ಕಿಲೋಮೀಟರ್ ಆಚೆ, ನಮ್ಮ ಧಾನ್ಯ. ಇಂಥದ್ದು ಐವತ್ತು ಜನರ ಬ್ಯಾಚಿನಲ್ಲಿ ಸಿಗಲ್ಲ.

ಮಾರನೇ ದಿನ ಬೆಳಿಗ್ಗೆ ಬೇಗ ಹೊರಟು ಕಣಿವೆ ನೋಡಿ ಒಸ್ಲಾಗೇ ವಾಪಸ್ ಬರೋದು ನಮ್ಮ ಲೆಕ್ಕ. ಸ್ವರ್ಗಾರೋಹಿಣಿ ಶಿಖರ ಕಾಣುವ ಜಾಗ, ಪಾಂಡವರು ಸ್ವರ್ಗಕ್ಕೆ ಹೋದರು ಅನ್ನುವ ದಾರಿ. ಹುಡುಗರಿಗೆ ಬೆಳಗಿನಿಂದ ಅದೇ ಮಾತು. ಹನ್ನೊಂದು ಗಂಟೆ ಹೊತ್ತಿಗೆ ತಿಂಡಿಗೆ ಕೂತೆವು. ಅಕ್ಕನ ಮಗ ಅರ್ಧ ರೊಟ್ಟಿ ಬಿಟ್ಟ. ನನ್ನ ಗಮನಕ್ಕೆ ಬರಲಿಲ್ಲ. ಗೈಡ್ ನೋಡಿದರು. ತಲೆ ನೋವಾ ಅಂದರು. ಇಲ್ಲ ಅಂದ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಸ್ವಲ್ಪ, ರಾತ್ರಿಯಿಂದ ಅಂದ. ಹುಲ್ಲಿನ ಮೇಲೆ ತಮ್ಮ ಕೋಲಿನಿಂದ ಒಂದು ಗೆರೆ ಎಳೆದು, ಅದರ ಮೇಲೆ ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ನಡಿ ಅಂದರು. ಆರು ಹೆಜ್ಜೆ ಸರಿಯಾಗಿ ಇಟ್ಟ, ಏಳನೆಯದಕ್ಕೆ ಸ್ವಲ್ಪ ವಾಲಿದ. ಅಷ್ಟೇ. ಗೈಡ್ ಅವನ ಬ್ಯಾಗ್ ತಮ್ಮ ಹೆಗಲಿಗೆ ಹಾಕಿಕೊಂಡು ಹಿಂದಿಯಲ್ಲಿ "ನೀಚೇ", ಅಂದರೆ ಕೆಳಗೆ, ಅಂದರು. ನನ್ನ ಎದೆ ಧಸಕ್ಕೆಂದಿತು.

ಎತ್ತರ ಮಿದುಳಿಗೆ ತಾಗಿದರೆ ಮೊದಲು ತಪ್ಪೋದು ನಡಿಗೆಯ ಸಮತೋಲ. ಅದಕ್ಕೆ ದೊಡ್ಡ ಔಷಧ ಕೆಳಗೆ ಇಳಿಯೋದು, ತಡ ಮಾಡದೆ. ಗೈಡಿನ ಜೊತೆಗಿದ್ದ ಸಹಾಯಕ ಉಳಿದ ಇಬ್ಬರು ಹುಡುಗರನ್ನು ಮೇಲೆ ಕರೆದುಕೊಂಡು ಹೋದ. ನಾವು ಮೂವರು ಇಳಿದೆವು. ಸಂಜೆ ಒಸ್ಲಾದಲ್ಲಿ ಎರಡು ರೊಟ್ಟಿ ತಿಂದು, ಇನ್ನೂ ಇದೆಯಾ ಅಂತ ಕೇಳಿದ. ಆಗ ನನಗೆ ಜೀವ ಬಂತು. ಹರ್ ಕಿ ದೂನ್ ನಾನು ಇನ್ನೂ ನೋಡಿಲ್ಲ.

ಆ ದಿನದ ನಂತರ ಬ್ಯಾಗಿನ ಪ್ರಶ್ನೆಗೆ ಇನ್ನೊಂದು ಸೇರಿಕೊಂಡಿದೆ. ಸಾಕು, ವಾಪಸ್ ಹೋಗೋಣ ಅನ್ನುವ ಮಾತು ಯಾರದ್ದು? ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ 2024ರ ಜೂನ್‌ನಲ್ಲಿ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅವರಲ್ಲಿ ಅನುಭವ ಇದ್ದವರೇ ಇದ್ದರು. ಆ ವಾರ ಬೆಂಗಳೂರಿನ ಟ್ರೆಕಿಂಗ್ ಬಳಗದಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಬೆಟ್ಟದ ಮೇಲೆ ಹವಾಮಾನ ಮಧ್ಯಾಹ್ನದ ಮೇಲೆ ಕೆಡೋದು ಜಾಸ್ತಿ. ಹಾಗಾಗಿ ಬುಕ್ ಮಾಡುವ ಮೊದಲು ಕೇಳಿ: ಎಷ್ಟು ಗಂಟೆಗೆ, ಎಲ್ಲಿದ್ದರೂ ಸರಿ, ವಾಪಸ್ ತಿರುಗುತ್ತೀರಿ? ಒಬ್ಬ ಹುಷಾರು ತಪ್ಪಿದರೆ ಅವನ ಜೊತೆ ಇಳಿಯೋಕೆ ಇನ್ನೊಬ್ಬ ಇದ್ದಾನಾ? ಉತ್ತರ ತಡವರಿಸಿದರೆ ಫೋನ್ ಇಡಿ.

ಊರಿನ ಗೈಡ್ ಅಂದರೆ ಎಲ್ಲ ಚಿನ್ನ ಅಂತಲೂ ಅಲ್ಲ. ಎಲ್ಲವೂ ಆ ಒಬ್ಬ ಮನುಷ್ಯನ ಮೇಲೆ ನಿಂತಿದೆ. ನನಗೆ ಸಿಕ್ಕವರು ಒಳ್ಳೆಯವರು, ಕೇದಾರಕಂಠದಲ್ಲಿ ನೋಡಿ ನಂಬರ್ ತೆಗೆದುಕೊಂಡಿದ್ದೆ. ಹಿಂದಿ ಬರಬೇಕು. ಸ್ಲೀಪಿಂಗ್ ಬ್ಯಾಗ್, ಔಷಧ, ಇನ್ಶೂರೆನ್ಸ್ ನಾವೇ ನೋಡಿಕೊಳ್ಳಬೇಕು. ದೊಡ್ಡವರು ಒಬ್ಬರು ಜೊತೆಗಿಲ್ಲದೆ ಹುಡುಗರನ್ನು ಮಾತ್ರ ಹೀಗೆ ಕಳಿಸೋಕೆ ನನಗೆ ಧೈರ್ಯ ಇಲ್ಲ.

ದುಡ್ಡು ಹೇಳುವುದಾದರೆ ನನಗೆ ತೀರಾ ಕಡಿಮೆ ಆಗಿದ್ದು ಯೂತ್ ಹಾಸ್ಟೆಲ್. ಕಂಪನಿ ಮತ್ತು ಗೈಡ್ ತಲೆಗೆ ಹೆಚ್ಚು ಕಡಿಮೆ ಒಂದೇ ಬಿತ್ತು, ಆದರೆ ಎರಡನೆಯದರಲ್ಲಿ ದುಡ್ಡು ನೇರ ಊರಿನವರ ಕೈಗೆ ಹೋಯಿತು.

ಕೆಲವರು ಬೇಸಿಕ್ ಮೌಂಟನಿಯರಿಂಗ್ ಕೋರ್ಸ್ ಬಗ್ಗೆ ಕೇಳುತ್ತಾರೆ. ಡಾರ್ಜಿಲಿಂಗ್‌ನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಸಂಸ್ಥೆಗಳಿವೆ. 28 ದಿನದ ಕೋರ್ಸು, ಹಗ್ಗ, ಐಸ್ ಆ್ಯಕ್ಸ್, ಭಾರದ ಬ್ಯಾಗು. ಅದು ಟ್ರೆಕ್ ಅಲ್ಲ, ತರಬೇತಿ. ಮೊದಲ ಸಲಕ್ಕೆ ಅಲ್ಲ, ಹುಚ್ಚು ಹಿಡಿದ ಮೇಲೆ ಅದು.

ಹಾಗಾದರೆ ಯಾವುದು? ಮನೆಯಿಂದ ಮೊದಲ ಸಲ ಹೊರಗೆ ಹೋಗುವ ಹುಡುಗ ಹುಡುಗಿಗೆ ನಾನು ಕಣ್ಣು ಮುಚ್ಚಿ ಹೇಳೋದು ಯೂತ್ ಹಾಸ್ಟೆಲ್‌ನ ಸರ್ ಪಾಸ್. ನಿಧಾನಕ್ಕೆ ಹತ್ತಿಸುತ್ತಾರೆ, ಬ್ಯಾಗ್ ಹೊರಿಸುತ್ತಾರೆ, ದೇಶದ ಮೂಲೆ ಮೂಲೆಯವರ ಜೊತೆ ಬೆರೆಸುತ್ತಾರೆ. ಚಳಿಗಾಲದ ಹಿಮವೇ ಬೇಕು ಅಂದರೆ ಕಂಪನಿ, ಆದರೆ ಬ್ಯಾಗ್ ತಾವೇ ಹೊರಬೇಕು ಅನ್ನುವ ಮಾತಿನ ಮೇಲೆ. ಎರಡನೇ ಸಲಕ್ಕೆ, ಮನೆಯವರು ಒಬ್ಬರು ಜೊತೆಗಿದ್ದರೆ, ಊರಿನ ಗೈಡ್.

ಯಾವುದಾದರೂ ಸರಿ, ಹೋಗುವ ಮೊದಲು ಕುಕ್ಕೆಯಿಂದ ಕುಮಾರ ಪರ್ವತ ಒಂದು ಸಲ ಹತ್ತಿಸಿ. 1,712 ಮೀಟರ್ ಅಷ್ಟೇ, ಆದರೆ ಆ ಏರು ಯಾರನ್ನೂ ಬಿಡಲ್ಲ. ಬೆನ್ನ ಮೇಲೆ 8 ಕೆಜಿ ಇರಲಿ. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು, ಮೊದಲೇ ಮಾಡಿಸಿ. ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಅನ್ನ ಸಾಂಬಾರ್ ಮುಂದೆ ಕೂತಾಗ ಹೊಸ ಬೂಟು ಎಲ್ಲಿ ಕಚ್ಚುತ್ತೆ ಅಂತ ಗೊತ್ತಾಗಿಬಿಡುತ್ತೆ.

ಅಕ್ಕನ ಮಗ ಈ ಮೇ ತಿಂಗಳಲ್ಲಿ ಒಬ್ಬನೇ ಸರ್ ಪಾಸ್‌ಗೆ ಹೊರಟಿದ್ದಾನೆ. ನಿನ್ನೆ ರಾತ್ರಿ ಅವನ ಬ್ಯಾಗ್ ತೂಗಿದೆವು. 9 ಕೆಜಿ 400 ಗ್ರಾಂ. ತಳದಿಂದ ಒಂದು ಜೀನ್ಸ್ ಹೊರಗೆ ತೆಗೆದು, ಆ ಜಾಗದಲ್ಲಿ ಇನ್ನೊಂದು ಜೊತೆ ಉಣ್ಣೆ ಸಾಕ್ಸ್ ಅವನೇ ಇಟ್ಟುಕೊಂಡ.