ಪದೇ ಪದೇ ಕ್ಲೇಮ್ ಮಾಡುವವರು ಕೇಸ್ ಮ್ಯಾನೇಜರ್ ಕೊಡಿ ಅಂತ ಕೇಳಿ

ಹೆಲ್ತ್ ಇನ್ಶೂರೆನ್ಸ್ ಇದ್ದು, ಬೇಗ ವಾಸಿಯಾಗದ ಕಾಯಿಲೆಯೂ ಇದ್ದರೆ, ನಿಮ್ಮ ಇನ್ಶೂರೆನ್ಸ್ ಕಂಪನಿಯಲ್ಲಿ ಕೇಸ್ ಮ್ಯಾನೇಜರ್, ಅಂದರೆ ನಿಮ್ಮ ಫೈಲನ್ನು ಒಬ್ಬರೇ ನೋಡಿಕೊಂಡು ಕ್ಲೇಮ್‌ಗೆ ದಾರಿ ಹೇಳುವವರು, ಇದ್ದಾರಾ ಅಂತ ಮೊದಲು ವಿಚಾರಿಸಿ. ಅವರಾಗಿಯೇ ಹೇಳುವುದಿಲ್ಲ. ಪಾಲಿಸಿ ಮಾಡಿಸಿದ ಏಜೆಂಟರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಎಲ್ಲ ಕಂಪನಿಗಳಲ್ಲೂ ಈ ಸೇವೆ ಇಲ್ಲ, ಆದರೆ ಇರುವ ಕಡೆಯೂ ಬಾಯಿಬಿಟ್ಟು ಕೇಳಿದವರಿಗೇ ಸಿಗುವುದು.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳ ಕಾಯಿಲೆ. ಮನೆ ತುಮಕೂರು, ಡಾಕ್ಟರ್ ಬೆಂಗಳೂರು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಗೆ ಕೀಲುಗಳ ಊತ ಬಗ್ಗದೆ ಹೋದಾಗ ರಿಟುಕ್ಸಿಮ್ಯಾಬ್ ಡ್ರಿಪ್ ಶುರು ಮಾಡಿದರು. ಎರಡು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ಆರು ತಿಂಗಳ ಆಸುಪಾಸಿನಲ್ಲಿ ನೋಡಿಕೊಂಡು ಮತ್ತೆ. ಅಲರ್ಜಿ ಆಗಬಾರದು ಅಂತ ಮೊದಲು ಬೇರೆ ಇಂಜೆಕ್ಷನ್ ಕೊಟ್ಟು, ಡ್ರಿಪ್ಪನ್ನು ನಿಧಾನವಾಗಿ ಬಿಡುತ್ತಾರೆ, ನಡುನಡುವೆ ಬಿಪಿ ನೋಡುತ್ತಾರೆ. ಬೆಳಿಗ್ಗೆ ಹೋಗಿ ಸೇರಿದರೆ ಸಂಜೆ ಮನೆಗೆ.

ತಕರಾರು ಬಂದಿದ್ದೂ ಅದಕ್ಕೇ. 24 ಗಂಟೆ ಆಸ್ಪತ್ರೆಯಲ್ಲಿ ಇರಲಿಲ್ಲ, ಇದು ಓಪಿಡಿ (ಅಡ್ಮಿಟ್ ಆಗದೆ ತೆಗೆದುಕೊಳ್ಳುವ) ಚಿಕಿತ್ಸೆ ಅಂತ ಕ್ಲೇಮ್ ರಿಜೆಕ್ಟ್ ಮಾಡಿದರು. ಕಂಪನಿ ಹೆಸರು ಇಲ್ಲಿ ಬೇಡ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿ ಸಲ ಹೊಸಬರು, ಪಾಲಿಸಿ ನಂಬರ್ ಹೇಳಿ, ಹುಟ್ಟಿದ ದಿನ ಹೇಳಿ, ಕಾಯಿಲೆ ಏನು ಹೇಳಿ, ಅಂತ ಮೊದಲಿಂದ ಶುರು. ಬೆಳಿಗ್ಗೆ ಬೆರಳು ಮಡಚಲಿಕ್ಕೇ ಆಗದ ಹೊತ್ತಿನಲ್ಲಿ ಅಂಗೈ ಮೇಲೆ ಫೋನ್ ಇಟ್ಟುಕೊಂಡು ಆ ಮ್ಯೂಸಿಕ್ ಕೇಳುತ್ತಾ ಕೂರುವುದು ಎಷ್ಟು ಕಷ್ಟ ಅಂತ ಈ ಕಾಯಿಲೆ ಇರುವವರಿಗೆ ಗೊತ್ತು.

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿದ್ದ ಹುಡುಗ ದಾರಿ ತೋರಿಸಿದ. "ಮೇಡಂ, ನಿಮ್ಮದು ಪದೇ ಪದೇ ಬರೋ ಕೇಸು. ಕೇಸ್ ಮ್ಯಾನೇಜರ್ ಕೊಡಿ ಅಂತ ಮೇಲ್ ಹಾಕಿ ನೋಡಿ" ಅಂದ. ಹಾಕಿದೆ. ಒಬ್ಬ ಹುಡುಗಿ ಫೋನ್ ಮಾಡಿದಳು, ಧಾರವಾಡದ ಕಡೆಯವಳು. ಪಾಲಿಸಿ ನಂಬರ್ ಕೇಳಲಿಲ್ಲ. ನೇರವಾಗಿ ವಿಷಯಕ್ಕೇ ಬಂದಳು: "ಅಕ್ಕಾ, ನಿಮ್ಮ ಡಿಸ್ಚಾರ್ಜ್ ಸಮರಿ ಓದೀನ್ರಿ. ಅದರಾಗ ಬರೀ ಇಂಜೆಕ್ಷನ್ ಕೊಟ್ಟೇವಿ ಅಂತ ಐತಿ. ಯಾಕ ಕೊಟ್ರು ಅಂತಾನೇ ಇಲ್ಲ. ಅದಕ್ಕ ರಿಜೆಕ್ಟ್ ಆಗೇತಿ." ಫೈಲ್ ಓದಿದವರೊಬ್ಬರು ಆ ಕಡೆ ಇದ್ದಾರೆ ಅಂತ ಗೊತ್ತಾದಾಗಲೇ ಅರ್ಧ ಭಾರ ಇಳಿಯಿತು.

ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಲು ಹೇಳಿದಳು. ಕಾಯಿಲೆ ಯಾವಾಗಿನಿಂದ ಇದೆ, ಹಿಂದೆ ಯಾವ ಮಾತ್ರೆ ಕೊಟ್ಟರು, ಅವು ಯಾಕೆ ಸಾಲಲಿಲ್ಲ, ಈ ಔಷಧಿಯನ್ನು ರಕ್ತನಾಳದಿಂದಲೇ ಯಾಕೆ ಕೊಡಬೇಕು, ಅಷ್ಟು ಹೊತ್ತು ಯಾಕೆ ನಿಗಾ ಇಡಬೇಕು, ಸೇರಿದ ಸಮಯ, ಬಿಟ್ಟ ಸಮಯ. ಜೊತೆಗೆ ನನಗೆ ಗೊತ್ತೇ ಇಲ್ಲದ ಒಂದು ವಿಷಯ ಹೇಳಿದಳು. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲೇ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿದೆ, ಹೆಲ್ತ್ ಪಾಲಿಸಿಯಿಂದ ಇವನ್ನು ಹೊರಗಿಡಬಾರದು ಅಂತ. ಇಂಜೆಕ್ಷನ್ ಆಗಿ ಕೊಡುವ ಮೊನೊಕ್ಲೋನಲ್ ಆ್ಯಂಟಿಬಾಡಿ (ಲ್ಯಾಬ್‌ನಲ್ಲಿ ತಯಾರಿಸಿದ ಒಂದು ಬಗೆಯ ಪ್ರೋಟೀನ್ ಔಷಧಿ) ಆ ಪಟ್ಟಿಯಲ್ಲಿದೆ. ರಿಟುಕ್ಸಿಮ್ಯಾಬ್ ಅದೇ ಜಾತಿಯ ಔಷಧಿ. ನಮ್ಮ ಪಾಲಿಸಿ ಪುಸ್ತಕದಲ್ಲೂ ಅದು ಅಚ್ಚಾಗಿತ್ತು, ಎಷ್ಟರವರೆಗೆ ಕೊಡುತ್ತಾರೆ ಅನ್ನುವ ಮಿತಿಯ ಸಮೇತ. ಇಂಥ ಮಿತಿ ಹಾಕಲು ಕಂಪನಿಗೆ ಅವಕಾಶ ಇದೆ, ಹಾಗಾಗಿ ಚಿಕಿತ್ಸೆಗೆ ಮೊದಲೇ ನಿಮ್ಮ ಪುಸ್ತಕದ ಆ ಪುಟ ತೆಗೆದು ನೋಡಿ.

ಕ್ಲೇಮ್ ಮತ್ತೆ ತೆರೆಯಿತು. ಗ್ಲೌಸ್ ಅದೂ ಇದೂ ಅಂತ ಸ್ವಲ್ಪ ಕಳೆದು ಉಳಿದ ದುಡ್ಡು ಬಂತು.

ಇನ್ನೊಂದು ಉಪಕಾರ ನನಗೆ ಇದಕ್ಕಿಂತ ದೊಡ್ಡದು. ನಮ್ಮ ಪಾಲಿಸಿಯಲ್ಲಿ ಅಡ್ಮಿಷನ್‌ಗೆ 30 ದಿನ ಮುಂಚಿನ, ಡಿಸ್ಚಾರ್ಜ್ ಆಗಿ 60 ದಿನದವರೆಗಿನ ಸಂಬಂಧಪಟ್ಟ ಖರ್ಚೂ ಸಿಗುತ್ತದೆ. ಅಂದರೆ ಡ್ರಿಪ್‌ಗೆ ಮುಂಚೆ ಮಾಡಿಸುವ ಹೆಪಟೈಟಿಸ್ ಟೆಸ್ಟ್, ಆಮೇಲಿನ ಲಿವರ್ ಟೆಸ್ಟ್, ಡಾಕ್ಟರ್ ಫೀಸು, ಮಾತ್ರೆ ಬಿಲ್ಲು. ಇವನ್ನೆಲ್ಲ ನಾನು ಸುಮ್ನೆ ಕೈಯಿಂದ ಕಟ್ಟುತ್ತಿದ್ದೆ, ಯಾರೂ ಹೇಳಿರಲಿಲ್ಲ. ತುಮಕೂರಿನ ಲ್ಯಾಬ್ ಬಿಲ್ ಆದರೂ ನಡೆಯುತ್ತದೆ, ಡಾಕ್ಟರ್ ಚೀಟಿ ಜೊತೆಗಿರಬೇಕು, ಅಷ್ಟೇ.

ಮುಂದಿನ ಡ್ರಿಪ್ ಕ್ಯಾಶ್‌ಲೆಸ್ ಆಯಿತು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಿತು. ಮುಂಚೆಯೇ ಅರ್ಜಿ ಹಾಕಿಸಿದ್ದಳು. 2024ರ ನಿಯಮದ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ ಹೋದ ಮೇಲೆ 3 ಗಂಟೆಯೊಳಗೆ ಅನುಮತಿ ಕೊಡಬೇಕು. ತಡ ಮಾಡಿ ಆಸ್ಪತ್ರೆ ಜಾಸ್ತಿ ಚಾರ್ಜ್ ಹಾಕಿದರೆ ಅದು ಕಂಪನಿಯ ಖರ್ಚು. ಸಂಜೆ ತುಮಕೂರಿಗೆ ರೈಲು ಹತ್ತಬೇಕಾದವರಿಗೆ ಈ 3 ಗಂಟೆ ಸಣ್ಣ ವಿಷಯ ಅಲ್ಲ. ಬಿಲ್ ನಿಂತಾಗ ಫೋನ್ ಮಾಡಿದೆ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಹತ್ತೇ ನಿಮಿಷದಲ್ಲಿ ಹೇಳಿದಳು.

ಇಷ್ಟು ಕ್ಲೇಮ್ ಮಾಡಿದರೆ ಪಾಲಿಸಿ ನಿಲ್ಲಿಸಿಬಿಡುತ್ತಾರೇನೋ ಅಂತ ನಮ್ಮ ಮನೆಯವರಿಗೆ ಹೆದರಿಕೆ. ಅದನ್ನೂ ಕೇಳಿದೆ. ಹಿಂದಿನ ವರ್ಷ ಕ್ಲೇಮ್ ಮಾಡಿದ್ದೀರಿ ಅನ್ನುವ ಕಾರಣಕ್ಕೆ ರಿನ್ಯೂವಲ್ ನಿರಾಕರಿಸುವ ಹಾಗಿಲ್ಲ. ವಾಯಿದೆಗೆ ಸರಿಯಾಗಿ ಪ್ರೀಮಿಯಂ ಕಟ್ಟಿ, ಅಷ್ಟು ಸಾಕು.

ಕೊರತೆಯೂ ಇದೆ. ಭಾನುವಾರ ಫೋನ್ ಎತ್ತುವುದಿಲ್ಲ. ಕ್ಲೇಮ್ ಪಾಸ್ ಮಾಡುವ ಅಧಿಕಾರ ಅವರಿಗಿಲ್ಲ, ಅದಕ್ಕೆ ಬೇರೆ ಟೀಮ್ ಇದೆ. ಸಂಬಳ ಕೊಡುವುದು ಕಂಪನಿ ಅನ್ನುವುದೂ ನೆನಪಿರಲಿ, ಹಾಗಾಗಿ ಹೇಳಿದ್ದನ್ನೆಲ್ಲ ಮೇಲ್‌ನಲ್ಲಿ ಬರೆಸಿಕೊಳ್ಳಿ. ನನಗೆ ತುಂಬಾ ಬೇಜಾರಾಗಿದ್ದು ಅಂದರೆ, ಆ ಹುಡುಗಿಯನ್ನು ಬೇರೆ ಕೆಲಸಕ್ಕೆ ಹಾಕಿದರು, ನನಗೆ ಒಂದು ಮಾತೂ ತಿಳಿಸಲಿಲ್ಲ. ಈಗ ಇರುವವರು ಕೆಲಸದಲ್ಲಿ ಚುರುಕು, ಆದರೆ ಮಾತೆಲ್ಲ ಹಿಂದಿ, ಇಂಗ್ಲಿಷ್. ನಾನು ಹೇಗೋ ಸುಧಾರಿಸುತ್ತೇನೆ. ನಮ್ಮತ್ತೆ ವಯಸ್ಸಿನವರು ಏನು ಮಾಡಬೇಕು? ತುಮಕೂರಿನಲ್ಲಿ ಪಾಲಿಸಿ ಮಾರುವಾಗ ಕನ್ನಡ ಬರುತ್ತದೆ, ಕ್ಲೇಮ್ ಹೊತ್ತಿಗೂ ಬರಬೇಕು ಅಲ್ವಾ? ಕನ್ನಡದವರನ್ನು ಕೊಡಿ ಅಂತ ಬರೆದಿದ್ದೇನೆ, ಬಿಡುವುದಿಲ್ಲ.

ಕೇಸ್ ಮ್ಯಾನೇಜರ್ ಸಿಗದಿದ್ದರೆ ಕೈಚೆಲ್ಲಬೇಡಿ. ರಿಜೆಕ್ಟ್ ಮಾಡಿದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಬರೆದು ಕೊಡಲೇಬೇಕು. ಮೊದಲು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ದೂರು ಕೊಡಿ. ಬಗ್ಗದಿದ್ದರೆ ಐಆರ್‌ಡಿಎಐನ ದೂರು ವೆಬ್‌ಸೈಟ್ ಬಿಮಾ ಭರೋಸಾ ಪೋರ್ಟಲ್, ಅಥವಾ 155255ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇಂಥ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ) ಕಚೇರಿ ಇದೆ, ಇಡೀ ಕರ್ನಾಟಕಕ್ಕೆ ಅದೇ. ಫೀಸಿಲ್ಲ, ವಕೀಲರು ಬೇಕಿಲ್ಲ. ಕಂಪನಿ ಕೊನೆಯದಾಗಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು.

ಮೇಲ್ ಹಾಕುವವರು ಉದ್ದ ಬರೆಯಬೇಡಿ. ಪಾಲಿಸಿ ನಂಬರ್, ಕಾಯಿಲೆ ಹೆಸರು, ಚಿಕಿತ್ಸೆ ಎಷ್ಟು ತಿಂಗಳಿಗೊಮ್ಮೆ ಅನ್ನುವುದು, ಯಾವ ಭಾಷೆಯವರು ಬೇಕು ಅನ್ನುವುದು, ಜೊತೆಗೆ ಡಾಕ್ಟರ್ ಪತ್ರದ ಫೋಟೊ. ಮುಂದಿನ ಅಡ್ಮಿಷನ್‌ಗೆ ತಿಂಗಳಿರುವಾಗಲೇ ಕಳಿಸಿ.